ಲೆತ್ತು ಹಿಟ್ಟು ‘ಊದುವುದು’ ಎಂದರೇನು: ಫಿನ್ಲೆಂಡಿನ ತೆಳು ಪ್ಯಾನ್‌ಕೇಕ್ ಕುರಿತ ಅಧ್ಯಯನ ಟಿಪ್ಪಣಿ

ಕಳೆದ ಮೂರು ಭಾನುವಾರಗಳಿಂದ ಟಾಂಪೆರೆಯ ನಮ್ಮ ಮನೆಯಲ್ಲಿ ಲೆತ್ತು ಮಾಡುವುದನ್ನು ಕಲಿಯುತ್ತಿದ್ದೇನೆ. ಮೊದಲ ಎರಡು ವಾರ ಕೆಟ್ಟಿತು, ಮೂರನೆಯ ವಾರ ಸರಿಯಾಗಿ ಬಂತು. ಕೆಟ್ಟದ್ದಕ್ಕೆ ಕಾರಣ ಕೈಚಳಕದ ಕೊರತೆಯೆಂದು ಭಾವಿಸಿದ್ದೆ. ಆದರೆ ಪಾಕವಿಧಾನದಲ್ಲಿದ್ದ ಒಂದೇ ಒಂದು ಫಿನ್ನಿಷ್ ಕ್ರಿಯಾಪದವನ್ನು ನಾನು ಕನ್ನಡಕ್ಕೆ ತಪ್ಪಾಗಿ ತಂದುಕೊಂಡಿದ್ದೆ. ಫಿನ್ನಿಷ್ ಪಾಕವಿಧಾನಗಳನ್ನು ನೋಡಿಕೊಂಡು ಅಡುಗೆ ಕಲಿಯುತ್ತಿರುವ ಕನ್ನಡಿಗರಿಗೆ ಉಪಯೋಗವಾಗಲೆಂದೂ ನನಗೇ ಮರೆಯದಿರಲೆಂದೂ ಇದನ್ನು ಬರೆದಿಡುತ್ತಿದ್ದೇನೆ.

ಹೆಸರುಗಳು

ಬಾಣಲೆಯಲ್ಲಿ ಹುಯ್ದು ಬೇಯಿಸುವ ಈ ತೆಳು ಪ್ಯಾನ್‌ಕೇಕಿಗೆ ಲೆತ್ತು, ಲ್ಯಾತ್ತ್ಯು, ಒಹುಕಾಯ್ನೆನ್, ರ‍್ಯಾಯ್ಸ್ಕ್ಯಾಲೆ ಎಂದು ಹಲವು ಹೆಸರುಗಳಿವೆ. ಯಾರು ಯಾವ ಹೆಸರನ್ನು ಬಳಸುತ್ತಾರೆ ಎಂಬುದು ಅವರ ಊರನ್ನೂ ಮನೆಯ ರೂಢಿಯನ್ನೂ ಅವಲಂಬಿಸಿದೆ. ಒಹುಕಾಯ್ನೆನ್ ಎಂಬ ಹೆಸರಿನ ಒಳಗಿರುವ ‘ಒಹುತ್’ ಎಂಬ ಪದಕ್ಕೆ ತೆಳು ಎಂದೇ ಅರ್ಥ. ಉತ್ತರ ಕನ್ನಡದ ತೆಳ್ಳೇವನ್ನು ಬಲ್ಲವರಿಗೆ ಈ ಹೆಸರು ಮರೆಯುವುದಿಲ್ಲ. ನಾನು ಇಲ್ಲಿ ಲೆತ್ತು ಎಂದೇ ಬರೆಯುತ್ತೇನೆ. ಇದರ ಬಹುವಚನ ಲೆತುತ್. ಬಹುವಚನದಲ್ಲಿ ಒತ್ತಕ್ಷರ ಬಿದ್ದುಹೋಗುತ್ತದೆ. ಒತ್ತಕ್ಷರಕ್ಕೂ ಒಂಟಿ ಅಕ್ಷರಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಲಿಪಿಯೇ ತೋರಿಸುವುದರಿಂದ ಕನ್ನಡಿಗರಿಗೆ ಇದು ಕಷ್ಟವಲ್ಲ.

ಪನ್ನುಕಾಕ್ಕು ಮಾತ್ರ ಬೇರೆಯೇ ತಿನಿಸು. ಅದೂ ಹಾಲು, ಮೊಟ್ಟೆ, ಮೈದಾಗಳಿಂದಲೇ ಆಗುತ್ತದೆಯಾದರೂ ಅದನ್ನು ದಪ್ಪವಾಗಿ ತಟ್ಟೆಗೆ ಸುರಿದು ಓವನ್‌ನಲ್ಲಿ ಬೇಯಿಸುತ್ತಾರೆ. ಗುರುವಾರಗಳಂದು ಬಟಾಣಿ ಸಾರಿನ ಜೊತೆಗೆ ಬಡಿಸುವ ರೂಢಿ ಇರುವುದು ಆ ಪನ್ನುಕಾಕ್ಕುವನ್ನು. ಪ್ಯಾನ್‌ಕೇಕ್ ಎಂದು ಹುಡುಕಿದಾಗ ಎರಡೂ ಪಾಕವಿಧಾನಗಳು ಒಟ್ಟಿಗೇ ಸಿಗುವುದರಿಂದ, ಓವನ್ ಪ್ರಸ್ತಾಪವಿದ್ದರೆ ಅದು ಲೆತ್ತು ಅಲ್ಲವೆಂದು ತಿಳಿಯಬೇಕು.

ಪದಾರ್ಥ ಮತ್ತು ಅಳತೆ

ನಾನು ಬಳಸುವ ಅಳತೆ ಇಷ್ಟು: ಹಾಲು 5 ಡೆಸಿಲೀಟರ್, ಮೈದಾ 2.5 ಡೆಸಿಲೀಟರ್, ಮೊಟ್ಟೆ 2, ಸಕ್ಕರೆ 1 ದೊಡ್ಡ ಚಮಚ, ಉಪ್ಪು ಅರ್ಧ ಟೀ ಚಮಚ, ಕರಗಿಸಿದ ಬೆಣ್ಣೆ 2 ದೊಡ್ಡ ಚಮಚ. ಬೇಯಿಸುವುದಕ್ಕೆ ಬೇರೆ ಬೆಣ್ಣೆ. ಫಿನ್ನಿಷ್ ಪಾಕವಿಧಾನದ ದೊಡ್ಡ ಚಮಚ 15 ಮಿಲಿಲೀಟರ್, ಟೀ ಚಮಚ 5 ಮಿಲಿಲೀಟರ್. ಅಂಗಡಿಯಲ್ಲಿ ‘ವೆಹ್ನ್ಯಾಯೌಹೊ’ ಎಂದು ಬರೆದಿರುವುದೇ ಗೋಧಿಯ ಹಿಟ್ಟು. ಸಾಮಾನ್ಯವಾಗಿ ಸಿಗುವ ಬಿಳಿಯದು ನಮ್ಮ ಮೈದಾಕ್ಕೆ ಹತ್ತಿರವಾದದ್ದು. ಬಾರ್ಲಿ ಹಿಟ್ಟಿಗೆ ‘ಒಹ್ರಯೌಹೊ’ ಎನ್ನುತ್ತಾರೆ.

ಇಲ್ಲಿನ ಅಡುಗೆ ಪುಸ್ತಕಗಳು ಪುಡಿಯನ್ನೂ ಡೆಸಿಲೀಟರಿನಲ್ಲೇ ಅಳೆಯುತ್ತವೆ. ಒಂದು ಡೆಸಿಲೀಟರ್ ಎಂದರೆ 100 ಮಿಲಿಲೀಟರ್. ಹಾಲಿನ ಮಟ್ಟಿಗೆ ಅದು ಹೆಚ್ಚುಕಡಿಮೆ 100 ಗ್ರಾಂ ಎನ್ನಬಹುದು. ಆದರೆ ಮೈದಾ ಹಗುರ. ಒಂದು ಡೆಸಿಲೀಟರ್ ಮೈದಾ ಸುಮಾರು 60ರಿಂದ 65 ಗ್ರಾಂ ಮಾತ್ರ ತೂಗುತ್ತದೆ. ಆದ್ದರಿಂದ 2.5 ಡೆಸಿಲೀಟರ್ ಎಂದರೆ ಸುಮಾರು 160 ಗ್ರಾಂ. ತಕ್ಕಡಿಯಲ್ಲಿ 250 ಗ್ರಾಂ ತೂಗಿ ಹಾಕಿದರೆ ಒಂದೂವರೆ ಪಾಲಿಗಿಂತ ಹೆಚ್ಚು ಮೈದಾ ಬಿದ್ದಿರುತ್ತದೆ.

ತುರ್ವೊತ: ನಾನು ಎಡವಿದ ಜಾಗ

ಪಾಕವಿಧಾನದಲ್ಲಿ ಎಲ್ಲವನ್ನೂ ಕಲಸಿದ ಮೇಲೆ ‘ಹಿಟ್ಟು ಅರ್ಧ ಗಂಟೆ ತುರ್ವೊತ ಆಗಲಿ’ ಎಂಬರ್ಥದ ಒಂದು ಸಾಲು ಬರುತ್ತದೆ. ನಿಘಂಟಿನಲ್ಲಿ ಕಂಡ ಅರ್ಥವನ್ನು ನಾನು ‘ಉಬ್ಬುವುದು’ ಎಂದು ಗುರುತು ಹಾಕಿಕೊಂಡೆ. ಹಿಟ್ಟು ಉಬ್ಬುವುದು ಎಂದಾಕ್ಷಣ ದೋಸೆ ಇಡ್ಲಿಗಳ ಮನೆಯಲ್ಲಿ ಬೆಳೆದವರ ಕಣ್ಣಿಗೆ ಬರುವುದು ಒಂದೇ ಚಿತ್ರ: ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಿನ ಹೊತ್ತಿಗೆ ಹುದುಗಿ, ಪಾತ್ರೆಯ ಅಂಚಿಗೆ ಏರಿ, ಮೇಲೆಲ್ಲ ಸಣ್ಣ ಗುಳ್ಳೆಗಳಾಗಿರುವುದು. ಚಳಿಗಾಲದಲ್ಲಿ ದೋಸೆ ಹಿಟ್ಟನ್ನು ಓವನ್ ಒಳಗಿಟ್ಟು ಅದರ ದೀಪವನ್ನು ಮಾತ್ರ ಹೊತ್ತಿಸಿಡುವುದು ಇಲ್ಲಿ ನಮ್ಮ ಮನೆಯ ಅಭ್ಯಾಸ. ಮೊದಲ ಭಾನುವಾರ ಲೆತ್ತು ಹಿಟ್ಟನ್ನೂ ಹಾಗೆಯೇ ಇಟ್ಟೆ. ಅರ್ಧ ಗಂಟೆಯ ನಂತರ ನೋಡಿದರೆ ಹಿಟ್ಟು ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ. ಎರಡು ಗಂಟೆ ಕಾದೆ, ಆಗಲೂ ಏರಲಿಲ್ಲ. ಹಸಿ ಮೊಟ್ಟೆಯನ್ನೂ ಹಾಲನ್ನೂ ಬೆಚ್ಚಗೆ ಅಷ್ಟು ಹೊತ್ತು ಇಡಬಾರದೆಂಬುದು ಆಮೇಲೆ ಹೊಳೆದು, ಅದನ್ನು ಚೆಲ್ಲಬೇಕಾಯಿತು.

ಎರಡನೆಯ ಭಾನುವಾರ ಯೋಚಿಸಿದೆ: ಇದರಲ್ಲಿ ಯೀಸ್ಟ್ ಇಲ್ಲ, ಬೇಕಿಂಗ್ ಪೌಡರ್ ಇಲ್ಲ, ಹಾಗಿದ್ದರೆ ಉಬ್ಬುವುದಕ್ಕೆ ಕಾರಣವೇ ಇಲ್ಲವಲ್ಲ. ಆದ್ದರಿಂದ ಆ ಸಾಲನ್ನು ಬಿಟ್ಟುಬಿಟ್ಟೆ. ಆಗ ಕಲಸಿದ ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗೆ ಕಂಡಿತು. ಅಳತೆ ತಪ್ಪಿರಬೇಕೆಂದು ಇನ್ನೊಂದು ಡೆಸಿಲೀಟರ್ ಮೈದಾ ಸೇರಿಸಿದೆ. ಮೊದಲ ನಾಲ್ಕು ಲೆತ್ತುಗಳು ಒಪ್ಪುವ ಹಾಗೆ ಬಂದವು. ಐದು ಆರನೆಯದು ಬಾಣಲೆಯಲ್ಲಿ ಹರಿಯುವುದಕ್ಕೆ ಹಿಂಜರಿಯತೊಡಗಿದವು. ಹತ್ತನೆಯದರ ಹೊತ್ತಿಗೆ ಹಿಟ್ಟು ಸೌಟಿನಿಂದ ದಪ್ಪ ಧಾರೆಯಾಗಿ ಬಿದ್ದು, ಬಿದ್ದ ಜಾಗದಲ್ಲೇ ನಿಂತು, ಸೆಟ್ ದೋಸೆಯಷ್ಟು ದಪ್ಪದ ಬಿಲ್ಲೆಯಾಯಿತು. ಪಾತ್ರೆಗೆ ನಾನು ಏನನ್ನೂ ಸೇರಿಸಿರಲಿಲ್ಲ. ಹಿಟ್ಟು ತಾನಾಗಿಯೇ ಗಟ್ಟಿಯಾಗಿತ್ತು.

ಇದಕ್ಕೆ ಉತ್ತರ ಸಿಕ್ಕಿದ್ದು ಫಿನ್ನಿಷ್ ಭಾಷೆಯ ತರಗತಿಯಲ್ಲಿ, ವೈದ್ಯರ ಬಳಿ ಮಾತನಾಡುವ ಪಾಠದಲ್ಲಿ. ‘ಕಾಲಿನ ಹರಡು ಊದಿದೆ’ ಎಂಬ ವಾಕ್ಯದಲ್ಲಿ ಅದೇ ಕ್ರಿಯಾಪದವಿತ್ತು. ಯೀಸ್ಟ್ ಹಾಕಿದ ಹಿಟ್ಟು ಗಾಳಿ ತುಂಬಿಕೊಂಡು ಏರುವುದಕ್ಕೆ ಫಿನ್ನಿಷ್‌ನಲ್ಲಿ ‘ಕೊಹೊತ’ ಎಂಬ ಬೇರೆ ಪದವಿದೆ. ತುರ್ವೊತ ಎಂದರೆ ಒಳಗೆ ನೀರು ಸೇರಿ ದಪ್ಪವಾಗುವುದು. ಕನ್ನಡದಲ್ಲಿ ಇದಕ್ಕೆ ಹೊಂದುವ ಪದ ‘ಊದು’. ನೆನೆಹಾಕಿದ ಕಡಲೆ ಊದಿಕೊಳ್ಳುತ್ತದೆ, ಏಟು ಬಿದ್ದ ಕಾಲು ಊದಿಕೊಳ್ಳುತ್ತದೆ. ಎರಡಕ್ಕೂ ನಾವು ಒಂದೇ ಪದವನ್ನು ಬಳಸುವಂತೆ ಅವರೂ ಬಳಸುತ್ತಾರೆ. ಲೆತ್ತುವಿನಲ್ಲಿ ಊದಬೇಕಾದದ್ದು ಮೈದಾದ ಒಂದೊಂದು ಕಣ. ಪಾತ್ರೆಯಲ್ಲಿ ಹಿಟ್ಟಿನ ಮಟ್ಟ ಏರುವುದೇ ಇಲ್ಲ, ಏಕೆಂದರೆ ಹೊರಗಿದ್ದ ಹಾಲು ಕಣಗಳ ಒಳಗೆ ಸೇರುತ್ತದೆಯೇ ಹೊರತು ಹೊಸದಾಗಿ ಯಾವ ಗಾಳಿಯೂ ಹುಟ್ಟುವುದಿಲ್ಲ.

ರವೆ ಇಡ್ಲಿಗೆ ಕಲಸಿದವರಿಗೆ ಇದು ಚೆನ್ನಾಗಿ ತಿಳಿದಿರುವ ಸಂಗತಿ. ಮೊಸರಿನಲ್ಲಿ ಕಲಸಿದ ರವೆ ಮೊದಲು ನೀರಾಗಿ ಕಾಣುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ನೀರು ಕುಡಿದು ಗಟ್ಟಿಯಾಗುತ್ತದೆ. ಅದಕ್ಕಾಗಿಯೇ ಮೊದಲು ತೆಳ್ಳಗಿದೆಯೆಂದು ಯಾರೂ ಹೆಚ್ಚಿನ ರವೆ ಹಾಕುವುದಿಲ್ಲ. ಮೈದಾ ನುಣುಪಾಗಿರುವುದರಿಂದ ಕಲಸಿದ ಕೂಡಲೇ ಎಲ್ಲವೂ ಮುಗಿಯಿತೆಂದು ಕಾಣುತ್ತದೆ, ಆದರೆ ಅದಕ್ಕೂ ಸಮಯ ಬೇಕು. ಎರಡನೆಯ ಭಾನುವಾರ ನಡೆದದ್ದೂ ಇದೇ. ಒಂದು ಲೆತ್ತುವಿಗೆ ಎರಡು ನಿಮಿಷವೆಂದರೂ ಹದಿನಾಲ್ಕು ಲೆತ್ತುಗಳಿಗೆ ಅರ್ಧ ಗಂಟೆ ಹಿಡಿಯುತ್ತದೆ. ನಾನು ಬಿಟ್ಟುಬಿಟ್ಟ ಆ ಅರ್ಧ ಗಂಟೆ ಒಲೆಯ ಪಕ್ಕದಲ್ಲಿ, ಬೇಯಿಸುತ್ತಿರುವಾಗಲೇ ಕಳೆಯಿತು. ಮೊದಲ ಲೆತ್ತು ಊದದ ಹಿಟ್ಟಿನಿಂದಲೂ ಕೊನೆಯದು ಪೂರ್ತಿ ಊದಿದ, ಅದರ ಮೇಲೆ ಮೈದಾವೂ ಹೆಚ್ಚಾದ ಹಿಟ್ಟಿನಿಂದಲೂ ಆಯಿತು.

ಕಾಯುವುದರಿಂದ ಇನ್ನೂ ಎರಡು ಲಾಭಗಳಿವೆ. ಕಲಸುವಾಗ ಮೈದಾದಲ್ಲಿ ಹುಟ್ಟುವ ಗ್ಲುಟೆನ್ ಎಂಬ ಜಿಗುಟು ಬಿಗಿಯಾಗಿರುತ್ತದೆ. ಬಿಟ್ಟರೆ ಸಡಿಲಗೊಳ್ಳುವುದರಿಂದ ಲೆತ್ತು ರಬ್ಬರಿನಂತಾಗದೆ ಮೃದುವಾಗುತ್ತದೆ. ಜೋರಾಗಿ ಕಡೆದಾಗ ಸೇರಿಕೊಂಡ ದೊಡ್ಡ ಗುಳ್ಳೆಗಳೂ ಆ ಹೊತ್ತಿನಲ್ಲಿ ಒಡೆದುಹೋಗುತ್ತವೆ.

ಹಿಟ್ಟು ಊದಿದೆಯೇ ಎಂದು ತಿಳಿಯಲು ನಾನು ಸೌಟಿನ ಬೆನ್ನನ್ನು ನೋಡುತ್ತೇನೆ. ಸೌಟನ್ನು ಹಿಟ್ಟಿನಲ್ಲಿ ಅದ್ದಿ ತೆಗೆದು ಬೆನ್ನಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯಬೇಕು. ಆಗಷ್ಟೇ ಕಲಸಿದ ಹಿಟ್ಟಿನಲ್ಲಿ ಗೆರೆ ಎಳೆದ ಕೂಡಲೇ ಮುಚ್ಚಿಹೋಗುತ್ತದೆ. ಅರ್ಧ ಗಂಟೆಯ ನಂತರ ಅದೇ ಗೆರೆ ಒಂದು ಕ್ಷಣ ನಿಂತು, ಅಂಚುಗಳು ನಿಧಾನವಾಗಿ ಜಾರಿ ಆಮೇಲೆ ಸೇರಿಕೊಳ್ಳುತ್ತವೆ. ಗೆರೆ ಮುಚ್ಚದೆ ಹಾಗೆಯೇ ಉಳಿದರೆ ಹಿಟ್ಟು ಗಟ್ಟಿಯಾಗಿದೆಯೆಂದು ಅರ್ಥ. ಆಗ ಎರಡು ಮೂರು ಚಮಚ ಹಾಲು ಸೇರಿಸಬೇಕು. ಹದದ ಬಗ್ಗೆ ಯಾವ ತೀರ್ಮಾನವನ್ನೇ ಆದರೂ ಈ ಅರ್ಧ ಗಂಟೆ ಕಳೆದ ಮೇಲೆಯೇ ಮಾಡಬೇಕು, ತಿದ್ದುವುದಾದರೆ ಹಾಲಿನಿಂದಲೇ ತಿದ್ದಬೇಕು. ಈ ಟಿಪ್ಪಣಿಯಲ್ಲಿ ನೆನಪಿಡಬೇಕಾದದ್ದು ಒಂದೇ ಆದರೆ ಅದು ಇದು.

ಬಾರ್ಲಿ ಹಿಟ್ಟು ಬಳಸುವವರು ಇನ್ನೂ ಹೆಚ್ಚು ಕಾಯಬೇಕು. ಉತ್ತರದ ಚಳಿಯಲ್ಲೂ ಬೆಳೆಯುವ ಧಾನ್ಯವಾದ್ದರಿಂದ ಬಾರ್ಲಿ ಫಿನ್ಲೆಂಡಿನ ಹಳೆಯ ಅಡುಗೆಯಲ್ಲಿ ಎಲ್ಲೆಡೆ ಇದೆ, ಲೆತ್ತುವಿನಲ್ಲೂ ಇದೆ. ಅದರಲ್ಲಿರುವ ಬೀಟಾ ಗ್ಲೂಕನ್ ಎಂಬ ನಾರಿನಂಶ ನೀರು ಹೀರಿ ಲೋಳೆಯಂತಾಗುವುದರಿಂದ ಹಿಟ್ಟು ಮೈದಾದ್ದಕ್ಕಿಂತ ಹೆಚ್ಚು ಗಟ್ಟಿಯಾಗುತ್ತದೆ. ನಾನು ಮೈದಾದ ಅರ್ಧ ಪಾಲನ್ನು ಬಾರ್ಲಿಗೆ ಬದಲಿಸಿ ಒಂದು ಗಂಟೆ ಬಿಟ್ಟೆ. ಅಂಚು ಗರಿಗರಿಯಾಗಿ, ರುಚಿ ತುಸು ಮಣ್ಣಿನ ಕಡೆಗೆ ವಾಲಿ ಬಹಳ ಚೆನ್ನಾಗಿತ್ತು. ಪೂರ್ತಿ ಬಾರ್ಲಿಯಾದರೆ ಮಗುಚುವಾಗ ಹರಿಯುತ್ತದೆ, ಏಕೆಂದರೆ ಹಿಡಿದಿಡುವ ಗ್ಲುಟೆನ್ ಅದರಲ್ಲಿ ಕಡಿಮೆ. ನೀರು ದೋಸೆಯ ಅಕ್ಕಿಯಂತೆ ಬಾರ್ಲಿಯೂ ತಳಕ್ಕೆ ಇಳಿಯುವುದರಿಂದ ಪ್ರತಿ ಸಲವೂ ಕಲಕಿಯೇ ತೆಗೆಯಬೇಕು.

ಕಲಸುವ ಕ್ರಮ

ಮೈದಾ, ಉಪ್ಪು, ಸಕ್ಕರೆಗೆ ಮೊದಲು ಅರ್ಧ ಹಾಲನ್ನು ಮಾತ್ರ ಹಾಕಿ ಗಂಟಿಲ್ಲದಂತೆ ಕಡೆದು, ಆಮೇಲೆ ಉಳಿದ ಹಾಲು ಮತ್ತು ಮೊಟ್ಟೆಗಳನ್ನು ಸೇರಿಸಬೇಕು. ಎಲ್ಲ ಹಾಲನ್ನೂ ಒಮ್ಮೆಲೇ ಸುರಿದರೆ ಗಂಟುಗಳು ತೇಲಿ ತಪ್ಪಿಸಿಕೊಳ್ಳುತ್ತವೆ. ಕರಗಿಸಿದ ಬೆಣ್ಣೆಯನ್ನು ಬೇಯಿಸುವುದಕ್ಕೆ ಸ್ವಲ್ಪ ಮುಂಚೆ ಸೇರಿಸುತ್ತೇನೆ. ಹಿಟ್ಟು ಫ್ರಿಜ್ಜಿನಷ್ಟು ತಣ್ಣಗಿದ್ದರೆ ಬೆಣ್ಣೆ ಚೂರುಚೂರಾಗಿ ಹೆಪ್ಪುಗಟ್ಟುತ್ತದೆ. ಮೊಟ್ಟೆ ತಿನ್ನದ ಮನೆಗಳವರು ಕೇಳುವ ಪ್ರಶ್ನೆಗೆ ನನ್ನ ಅಭಿಪ್ರಾಯ ಹೀಗಿದೆ: ಇಷ್ಟು ತೆಳುವಾದ ಹಾಳೆ ಹರಿಯದಂತೆ ಹಿಡಿಯುವುದು ಮೊಟ್ಟೆಯೇ, ಅದಿಲ್ಲದೆ ಮಾಡಿದ್ದು ಸಿಹಿ ಮೈದಾ ದೋಸೆಯಾಗುತ್ತದೆ.

ಬಾಣಲೆ

ಎರಕದ ಕಬ್ಬಿಣದ ಬಾಣಲೆ ಉತ್ತಮ, ಆದರೆ ಯಾವುದಾದರೂ ಚಪ್ಪಟೆ ಬಾಣಲೆ ಸಾಕು. ಇಲ್ಲಿ ಏಳು ಸಣ್ಣ ಗುಂಡಿಗಳಿರುವ ಲೆತ್ತು ಬಾಣಲೆಯೂ ಸಿಗುತ್ತದೆ. ಅದರಲ್ಲಿ ಅಂಗೈಗಿಂತ ಚಿಕ್ಕ ಲೆತ್ತುಗಳು ಬರುತ್ತವೆ. ನನ್ನದು 20 ಸೆಂಟಿಮೀಟರಿನ ಸಾದಾ ಬಾಣಲೆ. ಅದಕ್ಕೆ ಅರ್ಧ ಡೆಸಿಲೀಟರ್ ಹಿಟ್ಟು ಸರಿಹೋಗುತ್ತದೆ. ಅದು ಒಂದೂವರೆ ಮಿಲಿಮೀಟರಿನಷ್ಟು ದಪ್ಪದ ಪದರವಾಗುತ್ತದೆ.

ದೋಸೆ ಹುಯ್ಯುವ ಕೈ ಇಲ್ಲಿ ಅಡ್ಡಬರುತ್ತದೆ. ಸೌಟಿನ ತಳದಿಂದ ಸುತ್ತಿ ಹರಡಿದರೆ ಆಗಲೇ ಹಿಡಿದುಕೊಂಡ ಪದರ ಕಿತ್ತುಬರುತ್ತದೆ. ಬಾಣಲೆಯನ್ನು ಎತ್ತಿ ಹಿಡಿದು, ನಡುವೆ ಸುರಿದು, ಮಣಿಕಟ್ಟನ್ನು ತಿರುಗಿಸಿ ಹಿಟ್ಟನ್ನು ಅಂಚಿಗೆ ಓಡಿಸಬೇಕು. ಬೆಣ್ಣೆಯನ್ನು ಹಾಕಿದಾಗ ಅದರಲ್ಲಿರುವ ನೀರು ಕುದಿದು ನೊರೆ ಏಳುತ್ತದೆ. ನೊರೆ ಇಳಿದು ಕಂದು ಬಣ್ಣಕ್ಕೆ ತಿರುಗುವ ಮುನ್ನ ಹಿಟ್ಟು ಬೀಳಬೇಕು. ಮೇಲ್ಭಾಗದ ಹಸಿ ಹೊಳಪು ಹೋಗಿ ಅಂಚು ಜಾಲರಿಯಂತೆ ಕೆಂಪಾದಾಗ ಮಗುಚಬೇಕು. ಎರಡನೆಯ ಮಗ್ಗುಲಿಗೆ ಅರ್ಧ ನಿಮಿಷ ಸಾಕು. ತುಪ್ಪದಲ್ಲೂ ಮಾಡಿ ನೋಡಿದೆ. ಅದು ಬೇಗ ಸೀಯುವುದಿಲ್ಲ, ಆದರೆ ಪರಿಮಳ ನಮ್ಮ ಊರಿನ ಹೋಳಿಗೆಯದಾಗುತ್ತದೆ. ಲೆತ್ತುವಿನ ವಾಸನೆ ಬೇಕೆಂದರೆ ಬೆಣ್ಣೆಯೇ ಬೇಕು.

ಬಯಲಿನಲ್ಲಿ ಮಾಡುವ ದೊಡ್ಡ ಲೆತ್ತುವಿಗೆ ಮೂರಿನ್‌ಪೊಹ್ಯಲೆತ್ತು ಎನ್ನುತ್ತಾರೆ. ಒಲೆಗೆ ಕಟ್ಟಿ ಕೂರಿಸುತ್ತಿದ್ದ ದೊಡ್ಡ ಹಂಡೆಗೆ ಮೂರಿಪತ ಎಂದು ಹೆಸರು, ‘ಪೊಹ್ಯ’ ಎಂದರೆ ತಳ. ಅಂಥ ಹಂಡೆಯ ತಳವನ್ನೇ ಕಾವಲಿಯಾಗಿ ಬಳಸುತ್ತಿದ್ದುದು ಈ ಹೆಸರಿನಲ್ಲಿ ಉಳಿದಿದೆ. ಈಗ ಅದಕ್ಕಾಗಿಯೇ ಕಾಲುಗಳಿರುವ ಅಗಲವಾದ ಬಾಣಲೆಗಳು ಸಿಗುತ್ತವೆ. ಬೇಸಿಗೆ ಮನೆಯ ಅಂಗಳದಲ್ಲಿ, ಸೌನಾ ಮುಗಿದ ಮೇಲೆ, ಜೂನ್ 20ರಿಂದ 26ರ ನಡುವಿನ ಶನಿವಾರ ಬರುವ ಯುಹನ್ನುಸ್ ಹಬ್ಬದ ಸಂಜೆಗಳಲ್ಲಿ ಜನರು ಬೆಂಕಿಯ ಸುತ್ತ ಇದನ್ನು ಮಾಡಿ ತಿನ್ನುತ್ತಾರೆ.

ಸ್ಟ್ರಾಬೆರಿ ಜಾಮ್ ಅಥವಾ ಬರೀ ಸಕ್ಕರೆ ಸವರಿ ಸುರುಳಿ ಸುತ್ತಿ ತಿನ್ನುವುದು ಸಾಮಾನ್ಯ. ಖಾರವಿಲ್ಲದ ಪಾಲಕ್ ಲೆತ್ತು ಇಲ್ಲಿನ ಶಾಲೆಗಳ ಮಧ್ಯಾಹ್ನದ ಊಟದಲ್ಲಿ ಬರುತ್ತದೆ, ಅದರ ಜೊತೆಗೆ ಹುಳಿಯಾದ ಲಿಂಗನ್‌ಬೆರಿ ಜಾಮ್. ಮಕ್ಕಳು ಮನೆಗೆ ಬಂದು ಅದನ್ನು ಕೇಳಿದರೆ ಇದೇ ಹಿಟ್ಟಿಗೆ ಸಕ್ಕರೆ ಬಿಟ್ಟು, ಬೇಯಿಸಿ ಹಿಂಡಿದ ಪಾಲಕ್ ಸೊಪ್ಪನ್ನೂ ಚಿಟಿಕೆ ಜಾಯಿಕಾಯಿಯನ್ನೂ ಸೇರಿಸಿದರಾಯಿತು. ಸೊಪ್ಪಿನ ನೀರು ಹಿಟ್ಟನ್ನು ತೆಳ್ಳಗೆ ಮಾಡುತ್ತದೆ. ಆಗಲೂ ಮೈದಾದ ಡಬ್ಬಕ್ಕೆ ಕೈ ಹಾಕದೆ ಅರ್ಧ ಗಂಟೆ ಕಾದು, ಸೌಟಿನ ಬೆನ್ನಿನ ಮೇಲೆ ಗೆರೆ ಎಳೆದು ನೋಡಬೇಕು.

ಉಳಿದ ಹಿಟ್ಟನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಬೆಳಗಿನ ತನಕ ಇರುತ್ತದೆ. ರಾತ್ರಿಯಿಡೀ ಊದಿ ಇನ್ನಷ್ಟು ಗಟ್ಟಿಯಾಗಿರುವುದರಿಂದ ಕಾಲು ಡೆಸಿಲೀಟರ್ ಹಾಲು ಹಾಕಿ ತಳದಿಂದ ಕಲಕಿ ಹುಯ್ಯಬೇಕು.