ಹಗ್ಗ, ಬಳೆ, ರಿಂಗು: ವೇದಿಕೆಗೆ ಹೋಗುವ ಮೊದಲು ಕೈಗೆ ಬರಬೇಕಾದ ಕೆಲಸ

ಕತ್ತರಿಸಿದ ಹಗ್ಗ ಮತ್ತೆ ಕೂಡಿಕೊಳ್ಳುವ ಜಾದೂ ಬಹಳ ಹಳೆಯದು. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲೇ ದಾರವನ್ನು ನಡುವೆ ಕತ್ತರಿಸಿ ಇಡಿಯಾಗಿ ತೋರಿಸುವ ಉಪಾಯವನ್ನು ಬರೆದಿಟ್ಟಿದ್ದ. ಗುಟ್ಟು ಇಷ್ಟು ಹಳೆಯದಾಗಿದ್ದರೂ ಹೊಸಬರು ಇದರಲ್ಲಿ ಸಿಕ್ಕಿಬೀಳುತ್ತಲೇ ಇರುತ್ತಾರೆ. ಗುಟ್ಟಿನ ಚಲನೆಯನ್ನು ಮಾತ್ರ ಅಭ್ಯಾಸ ಮಾಡುವುದೇ ಅದಕ್ಕೆ ಕಾರಣ. ಆ ಚಲನೆ ಯಾವ ಸಹಜ ಕೆಲಸದಂತೆ ಕಾಣಬೇಕೋ, ಆ ಸಹಜ ಕೆಲಸವನ್ನು ಅವರು ಒಮ್ಮೆಯೂ ಮಾಡಿ ನೋಡಿರುವುದಿಲ್ಲ. ಹಗ್ಗದ ನಡುಭಾಗವನ್ನು ನಿಜವಾಗಿಯೇ ಎತ್ತಿ ಕೈಗೆ ಕೊಡುವಾಗ ಮೊಣಕೈ ಎಷ್ಟು ಏಳುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಕಣ್ಣು ಎಲ್ಲಿರುತ್ತದೆ ಎಂಬುದನ್ನು ಕನ್ನಡಿ ಮುಂದೆ ಮೊದಲು ಕಲಿಯಿರಿ. ಆಮೇಲೆ ಅದೇ ಅಳತೆಯಲ್ಲಿ ಸುಳ್ಳನ್ನು ಕೂರಿಸಿ. ಈ ಟಿಪ್ಪಣಿಯಲ್ಲಿರುವ ನಾಲ್ಕೂ ಐಟಂಗಳಿಗೆ ಈ ಮಾತು ಅನ್ವಯಿಸುತ್ತದೆ.

ಹಗ್ಗದ ಆಯ್ಕೆ

ಬೇಕಾದದ್ದು 8ರಿಂದ 10 ಮಿ.ಮೀ. ದಪ್ಪದ, ಹೆಣೆದ ಹತ್ತಿ ಹಗ್ಗ. ಅಂಗಡಿಯಿಂದ ತಂದ ಹಗ್ಗದೊಳಗೆ ದಾರದ ತಿರುಳಿರುತ್ತದೆ, ಅದನ್ನು ತೆಗೆಯಲೇಬೇಕು. ಎರಡು ಮೀಟರಿನ ತುಂಡು ಮಾಡಿಕೊಂಡು, ಒಂದು ತುದಿಯಲ್ಲಿ ಹೊರ ಹೆಣಿಗೆಯನ್ನು ಹಿಂದಕ್ಕೆ ಸರಿಸಿ, ತಿರುಳಿನ ಎಳೆಗಳನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಹೊರಪದರವನ್ನು ಸುಕ್ಕುಗಟ್ಟಿಸುತ್ತ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಜಾರಿಸಿದರೆ ತಿರುಳು ಬಿಟ್ಟುಕೊಳ್ಳುತ್ತದೆ. ಹತ್ತು ಮೀಟರನ್ನು ಒಟ್ಟಿಗೇ ಎಳೆಯಲು ಹೋದರೆ ಸುಕ್ಕೆಲ್ಲ ಒಂದೇ ಕಡೆ ಸೇರಿ ಸಿಕ್ಕಿಕೊಳ್ಳುತ್ತದೆ. ತಿರುಳು ತೆಗೆದ ಹಗ್ಗ ಮಡಿಸಿದಲ್ಲಿ ಮಡಿಸಿದಂತೆಯೇ ಬಿದ್ದಿರುತ್ತದೆ, ಮುಷ್ಟಿಯೊಳಗೆ ಕಡಿಮೆ ಜಾಗ ಹಿಡಿಯುತ್ತದೆ.

ನೈಲಾನ್ ಹಗ್ಗ ಬೇಡ. ಅದು ಜಾರುತ್ತದೆ, ದೀಪಕ್ಕೆ ಹೊಳೆಯುತ್ತದೆ, ಮಡಿಕೆಯಲ್ಲಿ ಸೆಟೆದು ನಿಂತು ಬೆರಳನ್ನು ತಳ್ಳುತ್ತದೆ. ಮನೆಯಲ್ಲಿ ಕೈ ಪಳಗಿಸಲು ಪೈಜಾಮದ ದಪ್ಪ ಲಾಡಿ ಸಾಕು, ವೇದಿಕೆಗೆ ಅದು ತೆಳ್ಳಗಾಯಿತು. ಬಣ್ಣದ ವಿಷಯ ಸಣ್ಣದು, ಆದರೆ ಮರೆಯಬಾರದು: ಬಿಳಿ ಪಂಚೆ, ಬಿಳಿ ಶರ್ಟಿನ ಮುಂದೆ ಬಿಳಿ ಹಗ್ಗ ಹಿಂದಿನ ಸಾಲಿಗೆ ಕಾಣುವುದೇ ಇಲ್ಲ. ಆ ಉಡುಪಿಗೆ ಕೆಂಪು ಹಗ್ಗ ಹಿಡಿಯಿರಿ.

ಕತ್ತರಿಸಿ ಕೂಡಿಸುವುದು

ಎಡಗೈಯ ಅಂಗೈ ನಿಮ್ಮ ಕಡೆಗಿರಲಿ. ಹಗ್ಗದ ಎರಡು ತುದಿಗಳನ್ನು, ಎ ಮತ್ತು ಬಿ ಎನ್ನೋಣ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ 4–5 ಸೆಂ.ಮೀ. ಮೇಲೆ ಚಾಚಿಕೊಂಡಿರುವಂತೆ ಹಿಡಿಯಿರಿ. ಹಗ್ಗದ ನಡುಭಾಗ ಕೆಳಗೆ ತೂಗುತ್ತಿರುತ್ತದೆ. ಬಲಗೈಯ ಹೆಬ್ಬೆರಳು, ತೋರುಬೆರಳುಗಳನ್ನು ಆ ಕುಣಿಕೆಯೊಳಗೆ ತೂರಿಸಿ ಅದನ್ನು ಎಡಗೈಯ ಹಿಂದೆ, ಅಂದರೆ ಅಂಗೈ ಕಡೆಗೆ, ಎತ್ತಿ ತನ್ನಿ. ಪ್ರೇಕ್ಷಕರಿಗೆ ಅಲ್ಲಿ ಬೆರಳುಗಳ ಬೆನ್ನು ಅಡ್ಡ ಬರುತ್ತದೆ. ಕುಣಿಕೆ ಬಲಬೆರಳುಗಳ ಮೇಲೆ ಇದ್ದಂತೆಯೇ, ಅವೇ ಬೆರಳುಗಳಿಂದ ಎ ತುದಿಯ ಎಳೆಯನ್ನು ಎಡ ಕಿರುಬೆರಳಿನ ತುಸು ಕೆಳಗೆ, ತುದಿಯಿಂದ ಸುಮಾರು 15ರಿಂದ 18 ಸೆಂ.ಮೀ. ದೂರದಲ್ಲಿ, ಚಿಮುಟಿ ಮೇಲಕ್ಕೆ ಎಳೆಯಿರಿ. ನಿಜವಾದ ನಡುಭಾಗ ಬಲಬೆರಳುಗಳಿಂದ ಜಾರಿ ಈ ಹೊಸ ಕುಣಿಕೆಗೆ ಕೊಂಡಿಯಂತೆ ಸಿಕ್ಕಿಕೊಂಡು ಎಡಮುಷ್ಟಿಯೊಳಗೆ ಉಳಿಯುತ್ತದೆ. ಹೊಸ ಕುಣಿಕೆ ಹೆಬ್ಬೆರಳಿನ ಮೇಲೆ 5 ಸೆಂ.ಮೀ. ಕಾಣಬೇಕು. ನೋಡುವವರಿಗೆ ಅದೇ ಹಗ್ಗದ ನಡು.

ಇಲ್ಲಿಗೆ ಗುಟ್ಟಿನ ಕೆಲಸ ಮುಗಿಯಿತು, ಕತ್ತರಿ ಇನ್ನೂ ಜೇಬಿನಲ್ಲೇ ಇದೆ. ಜನ ಕಣ್ಣು ನೆಡುವುದು ಕತ್ತರಿ ಹೊರಬಂದ ಮೇಲೆ. ಆದ್ದರಿಂದ ಈ ಬದಲಾವಣೆಯನ್ನು ಮಾತಿನ ನಡುವೆ ಮಾಡಿ, ಮುಗಿದ ಮೇಲೆ ಒಂದು ಉಸಿರು ಬಿಟ್ಟು ಕತ್ತರಿಗೆ ಕೈ ಹಾಕಿ.

ಕುಣಿಕೆಯ ತಲೆಯಲ್ಲಿ ಕತ್ತರಿಸಿದರೆ ಮೇಲೆ ನಾಲ್ಕು ತುದಿ. ಎ ಮತ್ತು ಅದರ ಪಕ್ಕದ ಹೊಸ ತುದಿ ಒಂದೇ ಗಿಡ್ಡ ತುಂಡಿನವು. ಅವನ್ನು ಉಳಿಸಿಕೊಂಡು ಇನ್ನೆರಡನ್ನು ಕೆಳಗೆ ಬಿಡಿ. ಎರಡು ಹಗ್ಗ ತೂಗುತ್ತಿರುವಂತೆ ಕಾಣುತ್ತದೆ. ವಾಸ್ತವದಲ್ಲಿ ಉದ್ದನೆಯ ಒಂದೇ ಹಗ್ಗದ ನಡುವಿಗೆ ಗಿಡ್ಡ ತುಂಡು ಸುತ್ತಿಕೊಂಡಿದೆ. ಆ ತುಂಡನ್ನು ಹಗ್ಗದ ಸುತ್ತ ಗಂಟು ಹಾಕಿ, ಆದರೆ ಜಾರುವಷ್ಟು ಸಡಿಲವಾಗಿರಲಿ. ಬಿಗಿದು ಕಟ್ಟಿದರೆ ಕೊನೆಯಲ್ಲಿ ಗಂಟು ಅಲುಗುವುದಿಲ್ಲ, ಕೈ ಜಗ್ಗಾಡುವುದು ಎಲ್ಲರಿಗೂ ಕಾಣುತ್ತದೆ. ಹಗ್ಗವನ್ನು ಎಡಗೈಗೆ ಸುತ್ತುತ್ತ ಹೋಗುವಾಗ ಬಲ ಅಂಗೈಯೊಳಗೆ ಗಂಟು ಜಾರುತ್ತ ತುದಿಯಿಂದ ಆಚೆ ಬರುತ್ತದೆ. ಬಲಗೈ ಕತ್ತರಿಯನ್ನು ಬಲಜೇಬಿಗೆ ಹಿಂದಿರುಗಿಸುವಾಗ ಗಂಟೂ ಅಲ್ಲೇ ಉಳಿಯಲಿ. ಕತ್ತರಿಯನ್ನು ಮೇಜಿನ ಮೇಲೆ ಇಟ್ಟರೆ ಜೇಬಿಗೆ ಕೈ ಹಾಕಲು ಕಾರಣವೇ ಇರುವುದಿಲ್ಲ.

ಒಂದು ಸೂಕ್ಷ್ಮವನ್ನು ಕಲಿಸುವವರೂ ಎಷ್ಟೋ ಸಲ ಹೇಳುವುದಿಲ್ಲ. ಈ ಐಟಂಗೆ ಬಳಸುವ ಹಗ್ಗದ ತುದಿಗೆ ಅಂಟು ಹಾಕಬಾರದು. ಹಗ್ಗ ನಿಜವಾಗಿ ನಡುವೆ ತುಂಡಾಗಿದ್ದರೆ ಗಂಟಿನಲ್ಲಿರುವ ಎರಡೂ ತುದಿ ಹೊಸದಾಗಿ ಬಿಚ್ಚಿಕೊಂಡ ಎಳೆಗಳಾಗಿರಬೇಕು. ನಮ್ಮ ಗಂಟಿನಲ್ಲಾದರೋ ಒಂದು ಹೊಸ ತುದಿ, ಇನ್ನೊಂದು ಹಳೆಯ ಎ. ಎ ತುದಿ ಅಂಟು ಹಾಕಿ ಗಟ್ಟಿಯಾಗಿದ್ದರೆ ಮುಂದಿನ ಸಾಲಿನ ಚುರುಕು ಹುಡುಗ ಅಲ್ಲೇ ಹಿಡಿಯುತ್ತಾನೆ. ಪ್ರದರ್ಶನಕ್ಕೆ ಮೊದಲು ಎರಡೂ ತುದಿಗಳನ್ನು ಹೊಸದಾಗಿ ಕತ್ತರಿಸಿ, ನಾಲ್ಕೂ ಒಂದೇ ತರಹ ಕಾಣಲಿ.

ಕತ್ತರಿ ಟೈಲರ್ ಬಳಸುವಂಥ 8 ಇಂಚಿನದು, ಹರಿತವಾದದ್ದು. ಸ್ಟೇಷನರಿ ಕತ್ತರಿ ತಿರುಳಿಲ್ಲದ ಹಗ್ಗವನ್ನು ಕತ್ತರಿಸದೆ ಅಗಿಯುತ್ತದೆ, ಆ ಎಳೆದಾಟದಲ್ಲಿ ಮುಷ್ಟಿ ಸಡಿಲಾಗಿ ಕೊಂಡಿ ಇಣುಕುತ್ತದೆ. ಹರಿತ ಕತ್ತರಿಯನ್ನು ಮಗುವಿನ ಕೈಗೆ ಕೊಡಬೇಡಿ, ಟೀಚರನ್ನೋ ದೊಡ್ಡವರನ್ನೋ ಕರೆಯಿರಿ. ಪ್ರತಿ ಸಲ ಸುಮಾರು 20 ಸೆಂ.ಮೀ. ಹೋಗುವುದರಿಂದ 2 ಮೀಟರ್ ಹಗ್ಗ ನಾಲ್ಕು ಪ್ರದರ್ಶನಕ್ಕೆ ಬರುತ್ತದೆ. ಉಳಿದದ್ದು ಮುಂದಿನ ಐಟಂಗೆ.

ಮೂರು ಹಗ್ಗ, ಒಂದೇ ಉದ್ದ

ಗಿಡ್ಡ, ಮಧ್ಯಮ, ಉದ್ದ ಎಂಬ ಮೂರು ಹಗ್ಗಗಳು ಸಮನಾಗಿ, ಮತ್ತೆ ಮೊದಲಿನಂತೆ ಆಗುವ ಈ ಐಟಂ ಅಮೆರಿಕದ ಬಾಬ್ ಕಾರ್ವರ್ ಹೆಸರಿನಲ್ಲಿದೆ. ಹಗ್ಗದ ಜಾದೂಗಳಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ ಎನ್ನುವುದು ಈ ಟಿಪ್ಪಣಿಯ ಪಕ್ಷಪಾತ. ಜೇಬಿನಲ್ಲಿ ಏನೂ ಇಲ್ಲ, ಬಿಸಾಡುವುದು ಏನೂ ಇಲ್ಲ.

ಅಳತೆಯ ನಿಯಮ ಇಷ್ಟೆ: ಗಿಡ್ಡ ಮತ್ತು ಉದ್ದ ಕೂಡಿದರೆ ಮಧ್ಯಮದ ಎರಡರಷ್ಟಾಗಬೇಕು. 30, 65, 100 ಸೆಂ.ಮೀ. ಸರಿಹೋಗುತ್ತದೆ. ಗಿಡ್ಡದ್ದು ಮಡಿಸಿದರೆ 15, ಉದ್ದದ್ದು ಮಡಿಸಿದರೆ 50, ಎರಡೂ ಒಂದಕ್ಕೊಂದು ಕೊಂಡಿ ಹಾಕಿಕೊಂಡರೆ 65. ಕೊಂಡಿಯ ಬಳಿ ಹಗ್ಗದ ದಪ್ಪ ಸ್ವಲ್ಪ ತಿನ್ನುವುದರಿಂದ ಉದ್ದದ್ದನ್ನು ಒಂದೆರಡು ಸೆಂ.ಮೀ. ಹೆಚ್ಚಿಟ್ಟು, ಎಳೆದು ನೋಡಿ, ಆಮೇಲೆ ಸರಿಪಡಿಸಿ. ಹತ್ತಿ ಹಗ್ಗ ನೀರಿಗೆ ಬಿದ್ದರೆ ಕುಗ್ಗುತ್ತದೆ, ಹಾಗಾಗಿ ಒಗೆಯುವುದಿದ್ದರೆ ಅಳೆಯುವ ಮೊದಲೇ ಒಗೆಯಿರಿ. ಇಲ್ಲಿ ತುದಿಗೆ ಅಂಟು ಬೇಕು: ಒಂದು ಸೆಂ.ಮೀ.ನಷ್ಟು ಫೆವಿಕಾಲ್‌ನಲ್ಲಿ ಅದ್ದಿ ರಾತ್ರಿಯಿಡೀ ಒಣಗಲು ಬಿಡಿ.

ಎಡಗೈಯಲ್ಲಿ ಎಡದಿಂದ ಬಲಕ್ಕೆ ಗಿಡ್ಡ, ಮಧ್ಯಮ, ಉದ್ದ ಎಂಬ ಕ್ರಮದಲ್ಲಿ ಮೇಲಿನ ತುದಿಗಳನ್ನು ಹಿಡಿಯಿರಿ. ಗಿಡ್ಡದರ ಕೆಳತುದಿಯನ್ನು ನಿಮ್ಮ ಕಡೆಯಿಂದ ಉಳಿದೆರಡನ್ನೂ ದಾಟಿಸಿ, ಉದ್ದದರ ಬಲದಿಂದ ಹಿಂದಕ್ಕೆ ತಿರುಗಿಸಿ, ಮಧ್ಯಮ ಮತ್ತು ಉದ್ದದ ನಡುವೆ ಮೇಲೆ ತನ್ನಿ. ಈಗ ಗಿಡ್ಡದ್ದು ಉದ್ದದ್ದನ್ನು ಅಪ್ಪಿಕೊಂಡಿತು. ಬಳಿಕ ಮಧ್ಯಮದ ಕೆಳತುದಿ, ಉದ್ದದ ಕೆಳತುದಿ ಎರಡನ್ನೂ ನೇರವಾಗಿ ಎತ್ತಿ ಬಲಪಕ್ಕದಲ್ಲಿ ಸೇರಿಸಿ. ಮೇಲೆ ಆರು ತುದಿ. ಎಡದ ಮೂರು ಎಡಗೈಯಲ್ಲಿ, ಬಲದ ಮೂರು ಬಲಗೈಯಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ಇಲ್ಲಿ ಅವಸರ ಮಾಡಿದರೆ ಐಟಂ ಸತ್ತಂತೆ. ಜನ ನೋಡಬೇಕಾದದ್ದು ಹಗ್ಗ ಹಿಗ್ಗುವುದನ್ನೇ. ಕೊಂಡಿ ಎಡಮುಷ್ಟಿಯೊಳಗೆ ಇರಬೇಕು, ಗಿಡ್ಡದರ ತುದಿಗಳು ಮುಷ್ಟಿಯ ಮೇಲೆ 7 ಸೆಂ.ಮೀ.ನಷ್ಟು ಕಾಣಲಿ. ಮಧ್ಯದ ಬೆರಳು ಮತ್ತು ಉಂಗುರದ ಬೆರಳಿನ ಸಂದಿಯಲ್ಲಿ ಕೊಂಡಿ ಇಣುಕುವುದು ಸಾಮಾನ್ಯ ತಪ್ಪು, ಆ ಎರಡು ಬೆರಳು ಒತ್ತಿಕೊಂಡಿರಲಿ.

ಎಣಿಕೆ ಕಷ್ಟದ ಭಾಗ. ‘ಒಂದು’ ಎನ್ನುತ್ತ ಬಲಗೈ ಮಧ್ಯಮ ಹಗ್ಗವನ್ನು ತೆಗೆದುಕೊಳ್ಳುತ್ತದೆ. ‘ಎರಡು’ ಎನ್ನುವಾಗ ಬಲಗೈ ಹತ್ತಿರ ಬಂದು ಮಧ್ಯಮವನ್ನು ಎಡಬೆರಳುಗಳ ನಡುವೆ ಬಿಟ್ಟು, ಕೊಂಡಿಯ ಜೋಡಿಯನ್ನು ಒಟ್ಟಿಗೆ ತೆಗೆದುಕೊಳ್ಳುತ್ತದೆ. ಬಲಗೈಯಲ್ಲಿ ಎರಡು, ಎಡಗೈಯಲ್ಲಿ ಒಂದು, ಕಣ್ಣಿಗೆ ಲೆಕ್ಕ ಸರಿ. ‘ಮೂರು’ ಎಂದಾಗ ಮಧ್ಯಮ ಮತ್ತೆ ಬಲಗೈಗೆ. ಮೊದಲು ಬಿಡಿ ಬಿಡಿಯಾದ ಮೂರು ನಿಜ ಹಗ್ಗಗಳನ್ನು ಎಣಿಸಿ ಅಭ್ಯಾಸ ಮಾಡಿ. ಬಹಳ ಮಂದಿ ‘ಎರಡು’ ಎನ್ನುವಲ್ಲಿ ಕ್ಷಣ ತಡೆಯುತ್ತಾರೆ, ಆ ತಡೆಯೇ ಗುಟ್ಟನ್ನು ಕೂಗಿ ಹೇಳುತ್ತದೆ.

ಬಳೆ ಮತ್ತು ಹಗ್ಗ

ಎರಡೂ ಮಣಿಕಟ್ಟಿಗೆ ಹಗ್ಗ ಕಟ್ಟಿಸಿಕೊಂಡು, ಬೆನ್ನು ತಿರುಗಿಸಿ ಬರುವಷ್ಟರಲ್ಲಿ ಕೈಯಲ್ಲಿ ತೋರಿಸಿದ ಇಡಿಯಾದ ಬಳೆ ಹಗ್ಗಕ್ಕೆ ಪೋಣಿಸಿಕೊಂಡಿರುತ್ತದೆ. ಉಪಾಯ ಸರಳ: ಅದೇ ತರಹದ ಇನ್ನೊಂದು ಬಳೆ ತುಂಬುತೋಳಿನ ಜುಬ್ಬಾದೊಳಗೆ ಮುಂಗೈಯ ಮೇಲ್ಭಾಗದಲ್ಲಿ ಮೊದಲೇ ಇರುತ್ತದೆ. ಅದನ್ನು ಗಂಟಿನ ಮೇಲಿಂದ, ಕೈಯ ಮೇಲಿಂದ ಜಾರಿಸಿದರೆ ನೇರ ಹಗ್ಗಕ್ಕೆ ಬರುತ್ತದೆ. ತೋರಿಸಿದ ಬಳೆ ಒಳಜೇಬಿಗೆ. ಎರಡು ಕೈಯೂ ಕಟ್ಟಿರುವಾಗ ಆ ಜೇಬು ಕೈಗೆಟಕುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಮಣಿಕಟ್ಟುಗಳ ನಡುವೆ 60–70 ಸೆಂ.ಮೀ. ಹಗ್ಗ ಇರಲಿ.

ಗಾಜಿನ ಬಳೆ ಸದ್ದು ಮಾಡುತ್ತದೆ, ಒಡೆದರೆ ಕೈ ಕೊಯ್ಯುತ್ತದೆ. ಲೋಹ ಅಥವಾ ಪ್ಲಾಸ್ಟಿಕ್ ಇರಲಿ. ನಿಮ್ಮ ಕೈಗೆ 2–8 ಅಳತೆಯ ಬಳೆ (ಒಳವ್ಯಾಸ ಎರಡೂವರೆ ಇಂಚು) ಸರಿಯಾಗಿದ್ದರೆ ಇದಕ್ಕೆ ಒಂದೆರಡು ಅಳತೆ ದೊಡ್ಡದು ಬೇಕು. ಗಂಟಿನ ಬಾಲಗಳು ಉದ್ದವಿದ್ದರೆ ಬಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಕಟ್ಟುವವರಿಗೆ ಬಾಲವನ್ನು ಚಿಕ್ಕದಾಗಿ ಕತ್ತರಿಸಲು ಹೇಳಿ.

ಲಿಂಕಿಂಗ್ ರಿಂಗ್ಸ್

ಬಿಡಿಯಾಗಿ ತೋರಿಸಿದ ಲೋಹದ ರಿಂಗುಗಳು ಒಂದಕ್ಕೊಂದು ಸೇರಿಕೊಂಡು ಮತ್ತೆ ಬೇರೆಯಾಗುವ ಐಟಂ ಇದು. ಎಂಟು ರಿಂಗಿನ ಸೆಟ್‌ನಲ್ಲಿ ಬಿಡಿ ಎರಡು, ಎರಡರ ಸರಪಳಿ ಒಂದು, ಮೂರರ ಸರಪಳಿ ಒಂದು, ಒಂದು ಕಡೆ ಸಂದು ಬಿಟ್ಟಿರುವ ‘ಕೀ ರಿಂಗ್’ ಒಂದು ಇರುತ್ತವೆ. ವೇದಿಕೆಗೆ 10 ಅಥವಾ 12 ಇಂಚಿನ ವ್ಯಾಸ. ಮೊದಲ ಎಣಿಕೆಯಲ್ಲಿ ಎಡಗೈಯಿಂದ ಬಲಗೈಗೆ ಒಂದೊಂದೇ ರಿಂಗನ್ನು ಬೀಳಿಸುತ್ತ ಎಂಟೂ ಬಿಡಿ ಎಂದು ತೋರಿಸುತ್ತೇವೆ. ಸರಪಳಿಯ ರಿಂಗುಗಳೂ ಅದೇ ಎತ್ತರದಿಂದ, ಅದೇ ಟಣ್ ಸದ್ದಿನೊಂದಿಗೆ ಬೀಳಬೇಕು. ಪರೀಕ್ಷೆಗೆ ಕೊಡುವುದು ಬಿಡಿ ರಿಂಗುಗಳನ್ನು ಮಾತ್ರ.

ಕೀ ರಿಂಗಿನ ಸಂದು ಹೆಬ್ಬೆರಳಿನ ಕೆಳಗಿರುತ್ತದೆ. ಹೊಸಬರು ಕೀ ರಿಂಗನ್ನು ಒಂದು ರೀತಿ, ಉಳಿದವನ್ನು ಇನ್ನೊಂದು ರೀತಿ ಹಿಡಿಯುತ್ತಾರೆ. ಎಲ್ಲ ರಿಂಗುಗಳನ್ನೂ ಸಂದು ಮುಚ್ಚಿ ಹಿಡಿದಂತೆಯೇ ಹಿಡಿಯುವ ಅಭ್ಯಾಸವಾಗಬೇಕು. ಸೇರಿಸುವಾಗ ಹೊಡೆಯಬೇಡಿ. ಬಿಡಿ ರಿಂಗನ್ನು ಸಂದಿನ ಮೇಲೆ ಉಜ್ಜಿ ಒಳಗೆ ಜಾರಿಸಿ, ಕ್ಷಣ ಹಾಗೇ ಹಿಡಿದಿದ್ದು ಆಮೇಲೆ ಬಿಡಿ. ಸೇರುವ ಗಳಿಗೆ ಒಂದು, ಸೇರಿದೆ ಎಂದು ತೋರುವ ಗಳಿಗೆ ಇನ್ನೊಂದು. ನೆದರ್ಲೆಂಡ್ಸ್‌ನ ರಿಚರ್ಡ್ ರಾಸ್ 1970 ಮತ್ತು 1973ರಲ್ಲಿ ಜಾಗತಿಕ ಜಾದೂ ಸ್ಪರ್ಧೆಯ ಗ್ರ್ಯಾಂಡ್ ಪ್ರಿ ಗೆದ್ದವರು, ರಿಂಗ್ ಐಟಂಗೆ ಹೆಸರಾದವರು. ಅವರ ವಿಡಿಯೋ ಸಿಕ್ಕರೆ ಕೈ ನೋಡುವುದನ್ನು ಬಿಟ್ಟು ರಿಂಗ್ ಬೀಳುವ ವೇಗವನ್ನಷ್ಟೇ ಗಮನಿಸಿ.

ಕೂರಿಸುವ ಕ್ರಮ

ಶಾಲಾ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ನೆಲದ ಮೇಲೆ, ವೇದಿಕೆಗೆ ಅಂಟಿಕೊಂಡು ಕೂರುತ್ತಾರೆ. ಅವರ ಕಣ್ಣು ಕೆಳಗಿನಿಂದ ಮೇಲೆ ನೋಡುತ್ತದೆ, ಮುಷ್ಟಿಯ ಅಡಿಭಾಗ ಅವರಿಗೆ ನೇರ. ಮೊದಲ ಸಾಲನ್ನು ಎರಡು ಮೀಟರ್ ಹಿಂದಕ್ಕೆ ಸರಿಸಲು ಸಂಘಟಕರಿಗೆ ಮೊದಲೇ ಹೇಳಿ. ಆಗದಿದ್ದರೆ ಎಡಗೈಯನ್ನು ಎದೆಯ ಮಟ್ಟದಿಂದ ಹೊಟ್ಟೆಯ ಮಟ್ಟಕ್ಕೆ ಇಳಿಸಿ, ಕಿರುಬೆರಳನ್ನು ಒಳಕ್ಕೆ ಮಡಚಿ. ವೇದಿಕೆಯ ಪಕ್ಕದಲ್ಲಿ ಮುಂದಿನ ನೃತ್ಯಕ್ಕೆ ಕಾಯುತ್ತ ನಿಂತ ಮಕ್ಕಳಿಗೆ ನಿಮ್ಮ ಅಂಗೈ ಪೂರ್ತಿ ಕಾಣುತ್ತದೆ. ಆ ಬದಿಯ ಪರದೆಯನ್ನು ಎಳೆಸಿದ ಮೇಲೆಯೇ ಹಗ್ಗ ಹೊರತೆಗೆಯಿರಿ.