ಮ್ಯುಂಟರ್ ಚಿತ್ರದ ಕಪ್ಪು ಗೆರೆ ಎಲ್ಲಿಂದ ಬಂತು?

ಜರ್ಮನ್ ಚಿತ್ರಕಾರ್ತಿ ಗೇಬ್ರಿಯೆಲೆ ಮ್ಯುಂಟರ್ ಬರೆದ ಹಳ್ಳಿ ಚಿತ್ರಗಳಲ್ಲಿ ಬೆಟ್ಟ, ಮನೆ, ಮರ ಎಲ್ಲದರ ಸುತ್ತಲೂ ದಪ್ಪ ಗೆರೆ. 'ಗಾಜಿನ ಚಿತ್ರಗಳ ಪ್ರಭಾವ' ಅಂತ ನೋಟ್ಸ್‌ನಲ್ಲಿ ಒಂದೇ ಸಾಲು ಬರೆದು ಮುಗಿಸಿದ್ದೆ. ಅದು ಅರ್ಧ ಸರಿ, ಅಷ್ಟೇ.

ಚಿತ್ರಕಾರರೇ ಆಗಿದ್ದ ಇಬ್ಬರು ಗೆಳೆಯರನ್ನು ಅವರು ಬರೆದ 'ಯಾವ್ಲೆನ್ಸ್ಕಿ ಮತ್ತು ವೆರೆಫ್ಕಿನ್' ಚಿತ್ರವನ್ನೇ ನೋಡಿ. ರಟ್ಟಿನ ಮೇಲೆ ತೈಲವರ್ಣ. ಹಸಿರು ಇಳಿಜಾರಿನಲ್ಲಿ ಇಬ್ಬರು ಒರಗಿದ್ದಾರೆ, ಹಿಂದೆ ನೀಲಿ ಬೆಟ್ಟ. ಮುಖಗಳಲ್ಲಿ ಕಣ್ಣಿಲ್ಲ, ಮೂಗಿಲ್ಲ, ಸುಮ್ನೆ ಒಂದು ಬಣ್ಣದ ತುಂಡು. ಹುಲ್ಲಿಗೂ ಮನುಷ್ಯರಿಗೂ ಒಂದೇ ಮರ್ಯಾದೆ!

ಇದಕ್ಕೆ ಒಂದೆರಡು ವರ್ಷ ಮುಂಚೆ ಮ್ಯುಂಟರ್ ಇಂಪ್ರೆಷನಿಸ್ಟರ ಹಾಗೆ ಚಾಕುವಿನಿಂದ ಬಣ್ಣ ಮೆತ್ತುತ್ತಿದ್ದರು. 1908ರಲ್ಲಿ ಚಿತ್ರಕಾರ ಕಾಂಡಿನ್ಸ್ಕಿ, ಯಾವ್ಲೆನ್ಸ್ಕಿ, ವೆರೆಫ್ಕಿನ್ ಜೊತೆ ಜರ್ಮನಿಯ ಬವೇರಿಯಾದ ಮುರ್ನಾವ್‌ನಲ್ಲಿ ಉಳಿದು ಬರೆದಾಗ ಕೈ ಬದಲಾಯಿತು. ಚಪ್ಪಟೆ ಬಣ್ಣಕ್ಕೆ ಗೆರೆಯ ಬೇಲಿ ಹಾಕುವ ಫ್ರೆಂಚ್ ಚಿತ್ರಕಾರ ಗೊಗ್ಯಾಂ ಬಳಗದ ರೀತಿ ಯಾವ್ಲೆನ್ಸ್ಕಿಗೆ ಆಗಲೇ ಗೊತ್ತಿತ್ತು. ಗೆರೆ ಮೊದಲು ಬಂದದ್ದು ಈ ದಾರಿಯಲ್ಲಿ.

ಇನ್ನು ಗಾಜು. ನಾನು ಎಡವಿದ್ದು ಇಲ್ಲೇ. ಆ ಸೀಮೆಯ ಜನ ಗಾಜಿನ ಹಿಂಬದಿಯಲ್ಲಿ ಸಂತರ ಚಿತ್ರ ಬರೆಯುತ್ತಿದ್ದರು. ನಮ್ಮ ಮೈಸೂರು ಕಡೆಯ ಹಳೇ ಮನೆಗಳ ಗಾಜಿನ ದೇವರ ಪಟಗಳದ್ದೂ ಇದೇ ತಂತ್ರ. ನೋಡುವವರು ಮುಂದೆ, ಬಣ್ಣ ಹಿಂದೆ. ಹಾಗಾಗಿ ಕೆಲಸದ ಕ್ರಮವೇ ತಿರುವುಮುರುವು. ಕ್ಯಾನ್ವಾಸಿನಲ್ಲಿ ಮೊದಲು ಆಕಾಶ ಬರೆದು, ಅದರ ಮೇಲೆ ಮುಖ, ಕೊನೆಗೆ ಕಣ್ಣು ಬರೆಯಬಹುದು. ಗಾಜಿನಲ್ಲಿ ಹಾಗೆ ಮಾಡಿದರೆ ಆಕಾಶ ಮಾತ್ರ ಕಾಣುತ್ತದೆ, ಕಣ್ಣು ಅದರ ಹಿಂದೆ ಮುಚ್ಚಿಹೋಗುತ್ತದೆ. ಅದಕ್ಕೇ ಇಲ್ಲಿ ಮೊದಲು ಗೆರೆ, ಕಣ್ಣು. ಆಮೇಲೆ ಮುಖದ ಬಣ್ಣ. ಕೊನೆಗೆ ಆಕಾಶ. ನನಗೆ ಇದು ತಲೆಗೆ ಹತ್ತಲೇ ಇಲ್ಲ. ಹಳೇ ಫೋಟೋ ಫ್ರೇಮಿನ ಗಾಜು ಬಿಚ್ಚಿ ಒಂದು ಮನೆ ಬರೆದೆ. ಗೋಡೆಗೆ ಬಣ್ಣ ಹಚ್ಚಿದ ಮೇಲೆ ಕಿಟಕಿ ಬರೆದಿದ್ದೆ. ತಿರುಗಿಸಿದರೆ ಕಿಟಕಿಯೇ ಇಲ್ಲ! ಇನ್ನು ಮರೆಯೋದಿಲ್ಲ.

ಮುರ್ನಾವ್‌ನ ಗಾಜಿನ ಚಿತ್ರಕಾರ ಹೈನ್ರಿಷ್ ರಾಂಬೋಲ್ಡ್ ಅವರಿಂದ ಮ್ಯುಂಟರ್ ಈ ಕೆಲಸ ಕಲಿತರು. ಹಳೇ ಗಾಜಿನ ಚಿತ್ರಗಳನ್ನು ನಕಲು ಮಾಡಿ ಅಭ್ಯಾಸ ಮಾಡಿದರು, ಸಂಗ್ರಹವನ್ನೂ ಮಾಡಿದರು. ರಟ್ಟಿನ ಮೇಲೂ ಅವರು ಎಷ್ಟೋ ಸಲ ಮೊದಲು ಕುಂಚದಿಂದ ಕಡು ಗೆರೆ ಎಳೆದು, ನಡುವೆ ಬಣ್ಣ ತುಂಬುತ್ತಿದ್ದರು. ರಟ್ಟಿನಲ್ಲಿ ಹಾಗೆ ಮಾಡಲೇಬೇಕು ಅಂತೇನಿಲ್ಲ, ಅಲ್ವಾ? ಗಾಜಿನ ಕೆಲಸಕ್ಕೂ ಇದಕ್ಕೂ ಹೊಂದಿಕೆ ಆದದ್ದು ಈ ಕ್ರಮದಲ್ಲಿ ಅಂತ ನನಗನಿಸುತ್ತದೆ.

ಹಾಗಾಗಿ ನೋಟ್ಸ್ ತಿದ್ದಿದ್ದೇನೆ: ಗೆರೆ ಕೊಟ್ಟಿದ್ದು ಯಾವ್ಲೆನ್ಸ್ಕಿ, ಗಟ್ಟಿ ಮಾಡಿದ್ದು ಗಾಜು. 'ಯಾವ್ಲೆನ್ಸ್ಕಿ ಮತ್ತು ವೆರೆಫ್ಕಿನ್' ಚಿತ್ರ ಈಗ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಕಲಾ ಸಂಗ್ರಹಾಲಯದಲ್ಲಿದೆ.