ಹೆಡ್ ಗ್ಯಾಸ್ಕೆಟ್ ಮತ್ತೆ ಮತ್ತೆ ಹೋಗುವುದೇಕೆ?

ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಪ್ರತಿ ತಿರುವಿನಲ್ಲೂ ಕಾರು ಮೊದಲ ಅಥವಾ ಎರಡನೇ ಗೇರಿಗೆ ಇಳಿಯುತ್ತದೆ. ಎಂಜಿನ್ ತನ್ನ ಶಕ್ತಿಯನ್ನೆಲ್ಲ ಹಾಕಿ ದುಡಿಯುತ್ತಿರುತ್ತದೆ, ಆದರೆ ವೇಗವಿಲ್ಲದ ಕಾರಣ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ. ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕನ ಮಗ ತನ್ನ 1.3 ಲೀಟರಿನ ಹಳೆಯ ಪೆಟ್ರೋಲ್ ಕಾರಿಗೆ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಕೂರಿಸಿದ ವರ್ಷ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಇದೇ ಘಾಟಿಯ ಅರ್ಧದಲ್ಲಿ ಅದರ ಹೆಡ್ ಗ್ಯಾಸ್ಕೆಟ್ ಹೋಯಿತು. ಹೊಸದು ಹಾಕಿಸಿದ. ಆರು ವಾರಕ್ಕೆ ಅದೂ ಹೋಯಿತು. ಮೂರನೆಯದು ಮಳೆಗಾಲ ಮುಗಿಯುವವರೆಗೆ ಬಾಳಿತು. ಹೊಸದು ಹಾಕಿಸಿದ ಆ ಎರಡು ಸಲವೂ ಬಿಲ್ಲಿನಲ್ಲಿದ್ದದ್ದು ಗ್ಯಾಸ್ಕೆಟ್ಟಿನ ಬೆಲೆ ಮತ್ತು ಕೂಲಿ ಮಾತ್ರ. ಅದು ಏಕೆ ಹೋಯಿತು ಎಂಬುದನ್ನು ಯಾರೂ ಅಳೆದು ನೋಡಿರಲಿಲ್ಲ. ಮಲೆನಾಡಿನಲ್ಲಿ ಕಾರು, ಜೀಪುಗಳ ಎಂಜಿನ್ ಮಾರ್ಪಡಿಸುವ ಹವ್ಯಾಸ ಹೆಚ್ಚುತ್ತಿರುವುದರಿಂದ ಈ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕೆಂದು ನನಗೆ ಅನಿಸುತ್ತದೆ.

ಎಂಜಿನ್ನಿನ ಕೆಳಭಾಗ ಬ್ಲಾಕ್, ಅದರಲ್ಲಿ ಪಿಸ್ಟನ್ನುಗಳು ಓಡಾಡುತ್ತವೆ. ಮೇಲಿನ ಮುಚ್ಚಳ ಹೆಡ್, ಅದರಲ್ಲಿ ವಾಲ್ವುಗಳು, ಸ್ಪಾರ್ಕ್ ಪ್ಲಗ್ಗುಗಳು ಇವೆ. ಇವೆರಡರ ನಡುವೆ ಕೂರುವ, ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್ ದಪ್ಪದ ಹಾಳೆಯೇ ಹೆಡ್ ಗ್ಯಾಸ್ಕೆಟ್. ಒಂದೇ ಹಾಳೆ ಮೂರು ಬೇರೆ ಬೇರೆ ವಸ್ತುಗಳನ್ನು ಒಂದಕ್ಕೊಂದು ಸೇರದಂತೆ ತಡೆಯಬೇಕು: ಸಿಲಿಂಡರಿನೊಳಗೆ ಉರಿಯುವ ಅನಿಲ, ಸುತ್ತ ಹರಿದು ತಣಿಸುವ ಕೂಲೆಂಟ್, ಮೇಲಕ್ಕೇರಿ ಕೆಳಗಿಳಿಯುವ ಎಣ್ಣೆ. ಗ್ಯಾಸ್ಕೆಟ್ಟಿಗೆ ತನ್ನದೇ ಆದ ಹಿಡಿತವೇನೂ ಇಲ್ಲ. ಹೆಡ್ಡನ್ನು ಬ್ಲಾಕಿಗೆ ಬಿಗಿದಿರುವ ಬೋಲ್ಟುಗಳು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಅದು ತಡೆಯುತ್ತದೆ.

ಈ ಒತ್ತುವಿಕೆಯ ಲೆಕ್ಕ ಹಾಕಿ ನೋಡೋಣ. ಆ ಕಾರಿನ ಸಿಲಿಂಡರಿನ ವ್ಯಾಸ 74 ಮಿಲಿಮೀಟರ್, ಅಂದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 43 ಚದರ ಸೆಂಟಿಮೀಟರ್. ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವಿಕೆಯ ಗರಿಷ್ಠ ಒತ್ತಡ 60 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಆಸುಪಾಸಿನಲ್ಲಿರುತ್ತದೆ. ಅಷ್ಟಾದರೆ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಎರಡೂವರೆ ಟನ್ ತೂಕಕ್ಕೆ ಸಮ. ಟರ್ಬೊ ಕೂರಿಸಿ ಒಳಗೆ 0.6 ಬಾರ್ ಹೆಚ್ಚುವರಿ ಗಾಳಿ ತುಂಬಿದರೆ ಗರಿಷ್ಠ ಒತ್ತಡ 95 ಬಾರಿಗೆ ಏರಬಹುದು, ಬಲವೂ ನಾಲ್ಕು ಟನ್ನನ್ನು ದಾಟುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ ಇಪ್ಪತ್ತೈದು ಸಲ ಈ ಹೊಡೆತ ಬೀಳುತ್ತದೆ. ಪ್ರತಿ ಹೊಡೆತಕ್ಕೂ ಹೆಡ್ ಕೆಲವು ಮೈಕ್ರಾನ್‌ಗಳಷ್ಟು ಮೇಲೆದ್ದು ಮತ್ತೆ ಕೂರುತ್ತದೆ. ಕಾರ್ಖಾನೆಯವರು ಬೋಲ್ಟುಗಳ ಬಿಗಿತವನ್ನು ಹಳೆಯ ಒತ್ತಡಕ್ಕೆ ಒಂದಿಷ್ಟು ಅಂತರ ಬಿಟ್ಟು ನಿಗದಿ ಮಾಡಿರುತ್ತಾರೆ. ಮಾರ್ಪಾಡು ಮಾಡುವವರು ಆ ಅಂತರದಿಂದಲೇ ಸಾಲ ಪಡೆಯುತ್ತಿರುತ್ತಾರೆ.

ಎರಡನೆಯದು ಶಾಖದ ಲೆಕ್ಕ. ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ ಆಗಿರುವ ಎಂಜಿನ್ನುಗಳಲ್ಲಿ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ನಾಲ್ಕು ನೂರು ಮಿಲಿಮೀಟರ್ ಉದ್ದದ ಹೆಡ್ 80 ಡಿಗ್ರಿ ಬಿಸಿಯೇರಿದರೆ ಮುಕ್ಕಾಲು ಮಿಲಿಮೀಟರಿನಷ್ಟು ಉದ್ದವಾಗಲು ನೋಡುತ್ತದೆ, ಬ್ಲಾಕ್ ಅದರ ಅರ್ಧದಷ್ಟು. ಪ್ರತಿದಿನ ಎಂಜಿನ್ ಬಿಸಿಯಾಗಿ ತಣಿಯುವಾಗಲೆಲ್ಲ ಗ್ಯಾಸ್ಕೆಟ್ಟಿನ ಎರಡು ಮುಖಗಳು ಬೇರೆ ಬೇರೆ ದೂರ ಸರಿಯುತ್ತವೆ. ಎಂಜಿನ್ ಮಿತಿಮೀರಿ ಬಿಸಿಯಾದರೆ ಬೋಲ್ಟುಗಳಿಂದ ಬಂಧಿತವಾದ ಹೆಡ್ಡಿಗೆ ಹಿಗ್ಗಲು ಜಾಗವಿಲ್ಲದೆ ಅದು ನಡುವೆ ಬಾಗುತ್ತದೆ, ತಣಿದ ಮೇಲೂ ಆ ಬಾಗು ಹಾಗೇ ಉಳಿಯುತ್ತದೆ.

ಆದರೆ ಟರ್ಬೊ ಹಾಕಿದ ಪೆಟ್ರೋಲ್ ಎಂಜಿನ್ನಿನಲ್ಲಿ ಗ್ಯಾಸ್ಕೆಟ್ಟಿನ ಅತಿ ದೊಡ್ಡ ಶತ್ರು ಇವೆರಡಕ್ಕಿಂತ ನಾಕಿಂಗ್ ಎಂಬುದು ನನ್ನ ಖಚಿತ ಅಭಿಪ್ರಾಯ. ಸರಿಯಾದ ಉರಿಯುವಿಕೆಯಲ್ಲಿ ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ, ಒಣಹುಲ್ಲಿನ ಬ್ಯಾಣಕ್ಕೆ ಒಂದು ಅಂಚಿನಿಂದ ಬೆಂಕಿ ಹಬ್ಬುವಂತೆ, ಇಂಧನವನ್ನು ಕ್ರಮವಾಗಿ ಸುಡುತ್ತಾ ಸಾಗುತ್ತದೆ. ಒತ್ತಡವೂ ಶಾಖವೂ ಅತಿಯಾದಾಗ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದಿದ್ದ ಮಿಶ್ರಣ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಗ ಏಳುವ ಒತ್ತಡದ ಅಲೆ ಸಿಲಿಂಡರಿನ ಗೋಡೆಯಿಂದ ಗೋಡೆಗೆ ಅಪ್ಪಳಿಸುತ್ತದೆ. 74 ಮಿಲಿಮೀಟರ್ ವ್ಯಾಸದಲ್ಲಿ ಅದರ ಕಂಪನ ಸೆಕೆಂಡಿಗೆ ಏಳು ಸಾವಿರದಷ್ಟು. ಚಾಲಕನ ಕಿವಿಗೆ ಅದು ಡಬ್ಬದೊಳಗೆ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದಂತೆ ಕೇಳುತ್ತದೆ. ಈ ಅಲೆ ಬಡಿಯುವುದು ಸಿಲಿಂಡರಿನ ಅಂಚಿಗೆ, ಅಂದರೆ ಗ್ಯಾಸ್ಕೆಟ್ಟಿನ ಬೆಂಕಿ ತಡೆಯುವ ಉಂಗುರ ಇರುವಲ್ಲಿಗೇ. ಎರಡು ಸಿಲಿಂಡರುಗಳ ನಡುವಿನ ಕೆಲವೇ ಮಿಲಿಮೀಟರ್ ಅಗಲದ ಪಟ್ಟಿ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುವ ಜಾಗವಾದ್ದರಿಂದ ಸಾಮಾನ್ಯವಾಗಿ ಅಲ್ಲಿಯೇ ಮೊದಲು ಸುಡುತ್ತದೆ. ನಾವು ಬಿಚ್ಚಿದ ಮೂರನೇ ಗ್ಯಾಸ್ಕೆಟ್ಟಿನಲ್ಲೂ ಎರಡನೇ ಮತ್ತು ಮೂರನೇ ಸಿಲಿಂಡರುಗಳ ನಡುವೆ ಗೆದ್ದಲು ತಿಂದಂತೆ ಒಂದು ಕಪ್ಪು ಕಾಲುವೆ ಕೊರೆದಿತ್ತು.

ನಾಕಿಂಗ್ ತಡೆಯುವ ಕೆಲಸ ಗಾಳಿಯಿಂದಲೇ ಶುರುವಾಗಬೇಕು. ಬೇಸಿಗೆಯ 35 ಡಿಗ್ರಿ ಗಾಳಿಯನ್ನು ಸಣ್ಣ ಟರ್ಬೊ 0.6 ಬಾರಿಗೆ ಒತ್ತಿದಾಗ ಅದು 100 ಡಿಗ್ರಿಯ ಹತ್ತಿರ ಬಿಸಿಯಾಗಿ ಹೊರಬರುತ್ತದೆ. ಇಂಟರ್‌ಕೂಲರ್ ಎಂಬ ತಣಿಸುವ ಸಾಧನ ಇಲ್ಲದೆ ಆ ಗಾಳಿಯನ್ನು ನೇರವಾಗಿ ಎಂಜಿನ್ನಿಗೆ ಬಿಡುವುದು ನಾಕಿಂಗಿಗೆ ಆಹ್ವಾನ ಕೊಟ್ಟಂತೆ. ನಮ್ಮ ಹುಡುಗನ ಕಾರಿನಲ್ಲಿ ಇಂಟರ್‌ಕೂಲರ್ ಇರಲೇ ಇಲ್ಲ. ಸ್ಪಾರ್ಕ್ ಬೀಳುವ ಟೈಮಿಂಗನ್ನೂ ಟರ್ಬೊ ಒತ್ತಡ ಏರಿದಂತೆ ಹಿಂದಕ್ಕೆ ಸರಿಸಬೇಕು, ಅದನ್ನೂ ಮಾಡಿರಲಿಲ್ಲ. ಇಂಧನದ ವಿಷಯದಲ್ಲಿ ಇತ್ತೀಚೆಗೆ ಇನ್ನೊಂದು ತೊಡಕು ಸೇರಿಕೊಂಡಿದೆ. ಪೆಟ್ರೋಲಿಗೆ ಎಥನಾಲ್ ಬೆರೆಸಿದರೆ ಆಕ್ಟೇನ್, ಅಂದರೆ ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣ, ಏರುವುದು ನಿಜ, ನಾಕಿಂಗ್ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಪೂರ್ತಿ ಉರಿಯಲು ಒಂದು ಕಿಲೋ ಪೆಟ್ರೋಲಿಗೆ 14.7 ಕಿಲೋ ಗಾಳಿ ಬೇಕಾದರೆ ಎಥನಾಲಿಗೆ 9 ಕಿಲೋ ಸಾಕು. ಶುದ್ಧ ಪೆಟ್ರೋಲಿನ ಲೆಕ್ಕದಲ್ಲಿ ಹೊಂದಿಸಿಟ್ಟ ಕಾರ್ಬುರೇಟರೋ ಇಸಿಯುವೋ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇರುವ ಗಾಡಿಗೆ ಶೇ 20 ಎಥನಾಲ್ ಇರುವ ಪೆಟ್ರೋಲ್ ಹಾಕಿದರೆ ಮಿಶ್ರಣದಲ್ಲಿ ಇಂಧನ ಕಡಿಮೆ ಬೀಳುತ್ತದೆ. ಪೂರ್ತಿ ಭಾರ ಎಳೆಯುವಾಗ ಹಾಗೆ ಬೀಳುವುದು ಅಪಾಯ. ಆದ್ದರಿಂದ ಟ್ಯೂನಿಂಗ್ ಮಾಡಿಸುವವರು ತಾವು ನಿತ್ಯ ಹಾಕಿಸುವ ಪೆಟ್ರೋಲನ್ನೇ ಹಾಕಿ, ಸೈಲೆನ್ಸರಿನ ಕೊಳವೆಯಲ್ಲಿ ಆಮ್ಲಜನಕ ಅಳೆಯುವ ಸಂವೇದಕ ಕೂರಿಸಿ ಮಾಡಿಸಬೇಕು.

ಕೂಲಿಂಗ್ ವಿಷಯಕ್ಕೆ ಬಂದರೆ, ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೂಲೆಂಟಿಗೆ ಹೋಗುತ್ತದೆ. ಶಕ್ತಿ ಒಂದೂವರೆ ಪಟ್ಟಾದರೆ ಈ ಶಾಖವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಆದರೆ ರೇಡಿಯೇಟರ್ ಮಾತ್ರ ಹಳೆಯದೇ ಉಳಿದಿರುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಜನರನ್ನು ಹೊತ್ತೊಯ್ಯುವ ಜೀಪುಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ಆ ಕಲ್ಲುದಾರಿಯಲ್ಲಿ ಗಾಡಿ ಮನುಷ್ಯ ನಡೆಯುವ ವೇಗದಲ್ಲಿ ಏರುತ್ತದೆ, ತಣಿಸುವ ಹೊಣೆಯೆಲ್ಲ ಫ್ಯಾನಿನದು. ಅಲ್ಲಿನ ಒಬ್ಬ ಚಾಲಕರು ಸಂಜೆ ಗಾಡಿ ನಿಲ್ಲಿಸಿದ ಮೇಲೆ ರೇಡಿಯೇಟರಿಗೆ ಎಂಜಿನ್ ಕಡೆಯಿಂದ ಪೈಪಿನಲ್ಲಿ ನೀರು ಬಿಟ್ಟು, ಸಂದಿಗಳಲ್ಲಿ ಮೆತ್ತಿದ ಕೆಮ್ಮಣ್ಣು, ಹುಲ್ಲಿನ ಬೀಜಗಳು ಮುಂದಕ್ಕೆ ಉದುರುವಂತೆ ತೊಳೆಯುವುದನ್ನು ನಾನು ನೋಡಿದ್ದೇನೆ. ಯಾವ ದುಬಾರಿ ಬಿಡಿಭಾಗಕ್ಕೂ ಕಡಿಮೆಯಿಲ್ಲದ ಆರೈಕೆ ಅದು.

ರೇಡಿಯೇಟರಿನ ಮುಚ್ಚಳವನ್ನೂ ಜನ ಕಡೆಗಣಿಸುತ್ತಾರೆ. ಕೊಡಚಾದ್ರಿಯ ತುದಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನಂತೆ ಒತ್ತಡ ಹಿಡಿದಿಡುವ 0.9 ಬಾರಿನ ಮುಚ್ಚಳ ಸರಿಯಿದ್ದರೆ ಅದೇ ನೀರು 116 ಡಿಗ್ರಿಯವರೆಗೆ ಕುದಿಯದೆ ತಡೆಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಸೇರಿದ್ದರೆ ಇನ್ನೂ ಮೇಲಕ್ಕೆ. ರಬ್ಬರ್ ಬಿರಿದ ಮುಚ್ಚಳದಿಂದ ಆ ಇಪ್ಪತ್ತು ಡಿಗ್ರಿಯೂ ಕೈಬಿಟ್ಟು ಹೋಗುತ್ತದೆ. ದಾರಿಬದಿಯ ಹಳ್ಳದ ನೀರನ್ನೇ ತುಂಬಿಕೊಂಡು ವರ್ಷಗಟ್ಟಲೆ ಓಡಿಸುವ ರೂಢಿಯೂ ನಮ್ಮಲ್ಲಿದೆ. ತುಕ್ಕು ತಡೆಯುವ ರಾಸಾಯನಿಕವಿಲ್ಲದ ನೀರು ಅಲ್ಯೂಮಿನಿಯಂ ಹೆಡ್ಡಿನ ನೀರಿನ ಕಿಂಡಿಗಳ ಅಂಚನ್ನು ತಿನ್ನುತ್ತದೆ, ಗ್ಯಾಸ್ಕೆಟ್ ಕೂರಬೇಕಾದ ಜಾಗವೇ ಹಾಳಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟನ್ನು ಕಿತ್ತುಹಾಕಿದರೆ ತಂಪಾಗುತ್ತದೆ ಎಂಬ ಸಲಹೆಯನ್ನೂ ಒಪ್ಪಬಾರದು. ಕೆಲವು ಎಂಜಿನ್ನುಗಳಲ್ಲಿ ಅದು ತೆರೆದಾಗ ಅಡ್ಡದಾರಿಯನ್ನು ಮುಚ್ಚುವ ಕೆಲಸವನ್ನೂ ಮಾಡುವುದರಿಂದ, ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆಯೇ ಸುತ್ತುತ್ತದೆ. ಇನ್ನು ಡ್ಯಾಶ್‌ಬೋರ್ಡಿನ ಮುಳ್ಳು: ಕೂಲೆಂಟ್ ಸೋರಿ ಸಂವೇದಕದ ಸುತ್ತ ಬರೀ ಆವಿ ಉಳಿದಾಗ ಮುಳ್ಳು ಮೇಲೇರುವ ಬದಲು ಕೆಳಗಿಳಿಯಬಹುದು. ಘಾಟಿಯಲ್ಲಿ ಬಿಸಿ ತೋರಿಸುತ್ತಿದ್ದ ಮುಳ್ಳು ಥಟ್ಟನೆ ಇಳಿದರೆ ಸಮಾಧಾನಪಡದೆ ಕೂಡಲೇ ಗಾಡಿ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಕಾದ ಎಂಜಿನ್ನಿಗೆ ತಣ್ಣೀರು ಸುರಿಯಲೂಬಾರದು, ಮುಚ್ಚಳ ತೆರೆಯಲೂಬಾರದು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯೂ, ಎರಕದ ಕಾರ್ಖಾನೆಗಳಿರುವ ಶಿವಮೊಗ್ಗವೂ ಇರುವ ಜಿಲ್ಲೆ ನಮ್ಮದು. ಕಾದ ಎರಕಕ್ಕೆ ನೀರು ತಾಗಿದರೆ ಏನಾಗುತ್ತದೆಂದು ಬಲ್ಲವರು ಇಲ್ಲಿ ಸಾಕಷ್ಟು ಮಂದಿ ಇದ್ದಾರೆ.

ಮೂರನೇ ಸಲ ಹೆಡ್ಡನ್ನು ನಾವೇ ಶಿವಮೊಗ್ಗದ ಒಂದು ಲೇತ್ ಅಂಗಡಿಗೆ ಹೊತ್ತುಕೊಂಡು ಹೋದೆವು. ಅಲ್ಲಿನ ಹಿರಿಯರು ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮಗುಚಿ, ಉಕ್ಕಿನ ನೇರಪಟ್ಟಿಯೊಂದನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿ ಅಡಿಯಲ್ಲಿ ಫೀಲರ್ ಗೇಜಿನ ಎಲೆಗಳನ್ನು ತೂರಿಸಿ ನೋಡಿದರು. 0.05 ಮಿಲಿಮೀಟರಿನ ಎಲೆ ಸರಾಗವಾಗಿ ಹೋಯಿತು. 0.10ರ ಎಲೆಯೂ ನಡುವೆ ಹೋಯಿತು. 0.15ರದು ಸಿಕ್ಕಿಕೊಂಡಿತು. ಇಂಥ ಸಣ್ಣ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಒಪ್ಪುವ ಬಾಗು 0.05 ಮಿಲಿಮೀಟರ್. “ಇದರ ಮೇಲೆ ಎಂಥ ಗ್ಯಾಸ್ಕೆಟ್ ಹಾಕಿದ್ರೂ ನಿಲ್ಲಲ್ಲ ಸಾರ್” ಎಂದರು. ಆಮೇಲೆ ಪಟ್ಟಿಯನ್ನು ಬದಿಗಿಟ್ಟು, ಮುಖದ ಮೇಲೆ ಒಂದು ಕಡೆ ಉಗುರಾಡಿಸಿ ತೋರಿಸಿದರು: ಹಿಂದಿನ ಸಲ ಯಾರೋ ಹಳೆಯ ಗ್ಯಾಸ್ಕೆಟ್ಟಿನ ಅಂಟನ್ನು ತೆಗೆಯಲು ಕೈ ಗ್ರೈಂಡರಿಗೆ ಉಜ್ಜುವ ಚಕ್ರ ಹಾಕಿ ತಿಕ್ಕಿದ್ದರಿಂದ ಅಲ್ಲಿ ಕಣ್ಣಿಗೆ ಕಾಣದ ತಗ್ಗುಗಳಾಗಿದ್ದವು. ಆ ಚಕ್ರದಿಂದ ಉದುರುವ ಪುಡಿ ಎಣ್ಣೆಗೆ ಸೇರಿದರೆ ಬೇರಿಂಗುಗಳನ್ನೂ ತಿನ್ನುತ್ತದೆ.

ಇಂದು ಹೆಚ್ಚಾಗಿ ಬಳಸುವ, ತೆಳುವಾದ ಉಕ್ಕಿನ ಹಾಳೆಗಳನ್ನು ಪದರ ಪದರವಾಗಿ ಜೋಡಿಸಿದ ಗ್ಯಾಸ್ಕೆಟ್ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಹೆಡ್ ಮೈಕ್ರಾನ್‌ಗಳಷ್ಟು ಮೇಲೆದ್ದಾಗ ಅದರ ಉಬ್ಬುಗೆರೆಗಳೂ ಜೊತೆಗೆ ಏಳುತ್ತವೆ. ಹೆಚ್ಚು ಒತ್ತಡಕ್ಕೆ ಇದೇ ಸೂಕ್ತ. ಆದರೆ ಅದು ಬಹಳ ನಯವಾದ ಮುಖಗಳನ್ನು ಬೇಡುತ್ತದೆ, ಒರಟುತನ 0.8 ಮೈಕ್ರಾನಿಗಿಂತ ಕಡಿಮೆಯಿರಬೇಕು; ಬ್ಲಾಕಿನ ಮುಖವನ್ನೂ ಹಾಗೇ ಪರೀಕ್ಷಿಸಬೇಕು. ತಯಾರಕರು ಹೇಳದ ಹೊರತು ಅದರ ಮೇಲೆ ಅಂಟು ಬಳಿಯಬಾರದು. ಮುಖ ಹೊಡೆಸಿದಾಗಲೆಲ್ಲ, ಅಂದರೆ ಯಂತ್ರದಲ್ಲಿ ಹೆರೆಸಿ ಸಮ ಮಾಡಿಸಿದಾಗಲೆಲ್ಲ, ಕಂಪ್ರೆಷನ್ (ಮಿಶ್ರಣವನ್ನು ಅದುಮುವ ಪ್ರಮಾಣ) ಅಲ್ಪವಾದರೂ ಏರುತ್ತದೆ ಎಂಬುದು ನೆನಪಿರಲಿ. ಅದನ್ನು ಸರಿದೂಗಿಸಲು ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಇಟ್ಟು ದಪ್ಪ ಮಾಡುವುದು ತಪ್ಪು ದಾರಿ: ಪಿಸ್ಟನ್ ಮತ್ತು ಹೆಡ್ಡಿನ ನಡುವಿನ ಕಿರಿದಾದ ಸಂದಿ ಹಿಗ್ಗಿದರೆ ಮಿಶ್ರಣದ ಕಲಕಾಟ ಕುಗ್ಗಿ ನಾಕಿಂಗ್ ಮರಳಿ ಬರಬಹುದು.

ಬೋಲ್ಟುಗಳ ಬಗ್ಗೆ ಒಂದೇ ಸಂಗತಿಯನ್ನು ಒತ್ತಿ ಹೇಳುತ್ತೇನೆ. ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚಿನಿಂದ ನಾವು ಹಾಕುವ ಬಲದಲ್ಲಿ ನೂರಕ್ಕೆ ತೊಂಬತ್ತರಷ್ಟು ಎಳೆಗಳ ಮತ್ತು ತಲೆಯಡಿಯ ಘರ್ಷಣೆಗೇ ಹೋಗುತ್ತದೆ. ಬೋಲ್ಟನ್ನು ಎಳೆದು ಹೆಡ್ಡನ್ನು ಒತ್ತಲು ಉಳಿಯುವುದು ಹತ್ತರಷ್ಟು ಮಾತ್ರ. ಎಳೆಗಳಲ್ಲಿ ತುಕ್ಕೋ ಮಸಿಯೋ ಇದ್ದರೆ ವ್ರೆಂಚ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಆದರೆ ಒತ್ತಡ ಅರ್ಧವೂ ಬಂದಿರುವುದಿಲ್ಲ. ರಂಧ್ರದ ತಳದಲ್ಲಿ ನೀರು, ಎಣ್ಣೆ ಉಳಿದಿದ್ದರೆ ಬೋಲ್ಟ್ ಅದನ್ನೇ ಒತ್ತಿ ಬ್ಲಾಕನ್ನು ಬಿರಿಯಬಲ್ಲದು. ಒಮ್ಮೆ ಹಿಗ್ಗಿಸಿ ಬಿಗಿಯುವ ಬಗೆಯ ಬೋಲ್ಟುಗಳನ್ನು ಮತ್ತೆ ಬಳಸಲೇಬಾರದು. ಬಿಗಿಯುವುದು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ.

ನಾಲ್ಕನೇ ಸಲ ಬೋಲ್ಟುಗಳೂ ಹೊಸವು, ಹೆಡ್ಡಿನ ಮುಖವೂ ಹೊಸದು, ಇಂಟರ್‌ಕೂಲರ್ ಬಂತು, ಟರ್ಬೊ ಒತ್ತಡವನ್ನು 0.4 ಬಾರಿಗೆ ಇಳಿಸಲು ಹುಡುಗ ಒಪ್ಪಿದ. ಮುಂದಿನ ಜುಲೈನಲ್ಲಿ ಅವನು ಗಾಬರಿಯಿಂದ ಫೋನ್ ಮಾಡಿ, “ಮಾವ, ಎಣ್ಣೆ ಮುಚ್ಚಳದ ಕೆಳಗೆ ಮಜ್ಜಿಗೆ ಥರ ಗಸಿ ಕೂತಿದೆ” ಎಂದ. ಎಣ್ಣೆಗೆ ಕೂಲೆಂಟ್ ಸೇರಿದರೆ ಹಾಗಾಗುವುದು ನಿಜ. ಆದರೆ ಮಲೆನಾಡಿನ ಮಳೆಗಾಲದಲ್ಲಿ ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ, ಪೂರ್ತಿ ಬಿಸಿಯಾಗದ ಎಂಜಿನ್ನಿನಲ್ಲಿ ಒಳಗಿನ ತೇವವೇ ಮುಚ್ಚಳದಡಿ ತಣಿದು ಅಂಥ ಗಸಿಯಾಗುತ್ತದೆ. ಅಳತೆಕಡ್ಡಿ ತೆಗೆದು ನೋಡಿದ, ಎಣ್ಣೆ ಸ್ವಚ್ಛವಾಗಿತ್ತು. ರಾತ್ರಿಯಿಡೀ ನಿಂತ ಗಾಡಿಯ ರೇಡಿಯೇಟರಿನ ಮೇಲಿನ ಹೋಸ್ ಒತ್ತಿದರೆ ಮೆತ್ತಗಿತ್ತು, ಕೂಲೆಂಟ್ ಮಟ್ಟ ಇಳಿದಿರಲಿಲ್ಲ. ಆದರೂ ಅನುಮಾನ ಉಳಿಯಬಾರದೆಂದು ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆದು ನೋಡುವ ಪರೀಕ್ಷೆ ಮಾಡಿಸಿದೆವು; ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಸೇರಿದ್ದರೆ ಆ ದ್ರವ ಹಳದಿಗೆ ತಿರುಗುತ್ತದೆ. ಎಂಜಿನ್ ಬಿಸಿಯಾಗಿ ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೂ ಕಾದೆವು. ದ್ರವ ನೀಲಿಯಾಗಿಯೇ ಇತ್ತು.